ಕನ್ಸೋಲ್ ಸರ್ವರ್: ಜಾಲ ಕಡಿದಾಗಲೂ ಉಳಿಯುವ ದಾರಿ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಗಡಿನಾಡಿನ ಭಾಷೆ, ಕಲೆ, ಶಾಲೆಗಾಗಿ ದುಡಿದ ಹಿರಿಯರ ತ್ಯಾಗ ಮುಂತಾದ ವಿಚಾರಗಳನ್ನು ಬಲ್ಲವರು ಬರೆಯುತ್ತಿದ್ದಾರೆ. ನಾನು ತುಸು ಬೇರೆಯಾದ ವಿಷಯವೊಂದನ್ನು ಆರಿಸಿಕೊಂಡಿದ್ದೇನೆ. ಇಲ್ಲಿ ಅಕ್ಷರಾಭ್ಯಾಸ ಮಾಡಿದ ಹಲವರು ಇಂದು ಬೆಂಗಳೂರು, ಕೊಚ್ಚಿ, ಕೊಲ್ಲಿ ರಾಷ್ಟ್ರಗಳಲ್ಲಿ ಗಣಕಯಂತ್ರ ಜಾಲಗಳ ಪಾಲನೆಯ ಉದ್ಯೋಗದಲ್ಲಿದ್ದಾರೆ. ಅವರ ಮನೆಯವರನ್ನು ಕೇಳಿದರೆ “ಕಂಪ್ಯೂಟರ್ ಕೆಲಸ, ರಾತ್ರಿ ಪಾಳಿ” ಎಂಬುದಕ್ಕಿಂತ ಹೆಚ್ಚಿನ ಉತ್ತರ ದೊರೆಯುವುದಿಲ್ಲ. ಆ ಕೆಲಸದ ಒಂದು ಮೂಲೆಯನ್ನಾದರೂ ನಮ್ಮ ಭಾಷೆಯಲ್ಲಿ ವಿವರಿಸಬಹುದಲ್ಲವೇ ಎಂಬ ಯೋಚನೆಯಿಂದ, ಹೆಸರೇ ಹೆಚ್ಚು ಮಂದಿ ಕೇಳಿರದ ಒಂದು ಉಪಕರಣದ ಬಗ್ಗೆ ಬರೆಯುತ್ತಿದ್ದೇನೆ. ಅದುವೇ ಕನ್ಸೋಲ್ ಸರ್ವರ್.

ಕನ್ಸೋಲ್ ಎಂದರೇನು?

ಊರಿನಿಂದೂರಿಗೆ ಸಂದೇಶಗಳನ್ನು ಹೊತ್ತೊಯ್ಯುವ ಅಂತರ್ಜಾಲವು ರೌಟರ್, ಸ್ವಿಚ್ ಎಂಬ ಯಂತ್ರಗಳ ಮೇಲೆ ನಿಂತಿದೆ. ಅಂಚೆಯಲ್ಲಿ ಪತ್ರಗಳನ್ನು ವಿಂಗಡಿಸುವವರಂತೆ, ಯಾವ ಸಂದೇಶ ಯಾವ ದಾರಿಯಲ್ಲಿ ಹೋಗಬೇಕೆಂಬುದನ್ನು ನಿರ್ಧರಿಸುವುದು ಇವುಗಳ ಕೆಲಸ. ಇವಕ್ಕೆ ಪರದೆಯಿಲ್ಲ, ಕೀಲಿಮಣೆಯಿಲ್ಲ. ಇವುಗಳಿಗೆ ಆಜ್ಞೆ ಕೊಡುವ ತಂತ್ರಜ್ಞನು ದೂರದ ಕಚೇರಿಯಲ್ಲಿ ಕುಳಿತು ಅದೇ ಜಾಲದ ಮೂಲಕವೇ ಇವುಗಳೊಡನೆ ಮಾತನಾಡುತ್ತಾನೆ.

ತೊಡಕು ಇರುವುದು ಇಲ್ಲಿಯೇ. ಒಂದು ತಪ್ಪು ಆಜ್ಞೆಯಿಂದ ರೌಟರ್ ತನ್ನ ದಾರಿಗಳನ್ನು ಮರೆತರೆ ಅದನ್ನು ಸರಿಪಡಿಸಲು ಹೋಗುವ ದಾರಿಯೂ ಮುಚ್ಚಿಹೋಗುತ್ತದೆ. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಪೆಟ್ಟಿಗೆಗೆ ಬೀಗ ಜಡಿದ ಹಾಗೆ. ಆದುದರಿಂದಲೇ ಇಂತಹ ಯಂತ್ರಗಳಲ್ಲಿ ಜಾಲಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಚಿಕ್ಕ ದ್ವಾರವನ್ನು ಇಟ್ಟಿರುತ್ತಾರೆ. ಅದಕ್ಕೆ ಕನ್ಸೋಲ್ ದ್ವಾರವೆಂದು ಹೆಸರು. ಅದಕ್ಕೊಂದು ಕೇಬಲ್ ಸಿಕ್ಕಿಸಿ ಲ್ಯಾಪ್‌ಟಾಪಿಗೆ ಜೋಡಿಸಿದರೆ, ಜಾಲವೆಲ್ಲ ಸತ್ತಿದ್ದರೂ ಯಂತ್ರದೊಡನೆ ನೇರವಾಗಿ ಮಾತನಾಡಬಹುದು.

ಹಳೆಯ ಸ್ಥಿರ ದೂರವಾಣಿಯ ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಮಳೆಗಾಲದಲ್ಲಿ ಮನೆಯ ಕರೆಂಟು ಹೋದರೂ ಆ ಫೋನು ಕೆಲಸ ಮಾಡುತ್ತಿತ್ತು. ಏಕೆಂದರೆ ಅದಕ್ಕೆ ಬೇಕಾದ ವಿದ್ಯುತ್ತು ಮನೆಯ ತಂತಿಯಿಂದ ಬರುತ್ತಿರಲಿಲ್ಲ. ಎಕ್ಸ್‌ಚೇಂಜಿನ 48 ವೋಲ್ಟಿನ ಬ್ಯಾಟರಿಗಳಿಂದ ದೂರವಾಣಿಯ ತಂತಿಯಲ್ಲಿಯೇ ಹರಿದು ಬರುತ್ತಿತ್ತು. ಒಂದು ವ್ಯವಸ್ಥೆ ಕೆಟ್ಟಾಗ ಅದರ ಹಂಗಿಲ್ಲದ ಇನ್ನೊಂದು ವ್ಯವಸ್ಥೆ ಕೈಹಿಡಿಯುವುದೆಂದರೆ ಇದೇ.

ತಂತಿಯೊಳಗಿನ ಲೆಕ್ಕ

ಈ ದ್ವಾರದ ಹಿಂದೆ ಸ್ವಾರಸ್ಯಕರವಾದ ಇತಿಹಾಸವಿದೆ. ಗಣಕಯಂತ್ರಗಳ ಆರಂಭ ಕಾಲದಲ್ಲಿ ಅವುಗಳೊಡನೆ ವ್ಯವಹರಿಸಲು ಟೆಲಿಪ್ರಿಂಟರುಗಳನ್ನು ಬಳಸುತ್ತಿದ್ದರು. 1963ರಲ್ಲಿ ಬಂದ ಟೆಲಿಟೈಪ್ ಮಾದರಿ 33 ಎಂಬ ಯಂತ್ರ ಕಾಗದದ ಮೇಲೆ ಸೆಕೆಂಡಿಗೆ 10 ಅಕ್ಷರಗಳನ್ನು ಟಕಟಕನೆ ಬಡಿಯುತ್ತಿತ್ತು. ನಮ್ಮ ರಾಜ್ಯದ ಶಾಲೆಗಳಲ್ಲಿ ಮಕ್ಕಳು ಬಳಸುವ ಲಿನಕ್ಸ್ ಗಣಕಯಂತ್ರದಲ್ಲಿ ‘ಟರ್ಮಿನಲ್’ ಎಂಬ ಕಪ್ಪು ಕಿಟಕಿಯೊಂದು ತೆರೆಯುತ್ತದಷ್ಟೆ. ಅದು ಆ ಟೆಲಿಟೈಪಿನ ವಂಶದ್ದೇ. ಲಿನಕ್ಸ್‌ನಲ್ಲಿ ಇಂದಿಗೂ ಉಳಿದಿರುವ ‘ಟಿಟಿವೈ’ ಎಂಬ ಹೆಸರು ಟೆಲಿಟೈಪ್ ಪದದ ಸಂಕ್ಷೇಪ.

ಕನ್ಸೋಲ್ ದ್ವಾರ ಅನುಸರಿಸುವ ಆರ್‌ಎಸ್-232 ಎಂಬ ವಿದ್ಯುತ್ ನಿಯಮಾವಳಿ ಮೊದಲು ಪ್ರಕಟವಾದುದು 1960ರಲ್ಲಿ. ಅರವತ್ತು ವರ್ಷ ಕಳೆದರೂ ಅದು ಮೂಲೆಗುಂಪಾಗಿಲ್ಲ. ಸರಳತೆಯೇ ಅದರ ಬಲ. ಋಣ ವೋಲ್ಟೇಜ್ ಇದ್ದರೆ ಒಂದು, ಧನ ವೋಲ್ಟೇಜ್ ಇದ್ದರೆ ಸೊನ್ನೆ. ಇಂತಹ ಬಿಟ್‌ಗಳು ಒಂದರ ಹಿಂದೊಂದು ಸಾಲಾಗಿ ಹೋಗುತ್ತವೆ. ಅದಕ್ಕೆಂದೇ ಇದನ್ನು ಸೀರಿಯಲ್ ಸಂಪರ್ಕವೆನ್ನುತ್ತಾರೆ. ಒಂದು ಅಕ್ಷರಕ್ಕೆ 8 ಬಿಟ್‌ಗಳು, ಆರಂಭ ಸೂಚಿಸಲು 1, ಮುಕ್ತಾಯಕ್ಕೆ 1, ಒಟ್ಟು 10. ಹಲವು ರೌಟರುಗಳ ರೂಢಿಯ ವೇಗ ಸೆಕೆಂಡಿಗೆ 9600 ಬಿಟ್. ಅಂದರೆ 960 ಅಕ್ಷರಗಳು. ಸಾಲಿಗೆ 80 ಅಕ್ಷರದಂತೆ 24 ಸಾಲುಗಳ ಪೂರ್ಣ ಪರದೆಯಲ್ಲಿ 1920 ಅಕ್ಷರಗಳಿರುವುದರಿಂದ, ಅದು ತುಂಬಲು ಸರಿಯಾಗಿ 2 ಸೆಕೆಂಡು ಬೇಕು. ಚಲನಚಿತ್ರ ನೋಡಲು ಇದು ಸಾಲದು. ಆಜ್ಞೆ ಕೊಡಲು ಧಾರಾಳ ಸಾಕು.

ಲ್ಯಾಪ್‌ಟಾಪ್ ಹಿಡಿದು ಯಂತ್ರದ ಮುಂದೆ ಕುಳಿತರೆ ಒಂದು ಯಂತ್ರವನ್ನು ಸರಿಪಡಿಸಬಹುದು. ಆದರೆ ಯಂತ್ರಗಳು ನೂರಾರು, ಅವಿರುವ ಊರುಗಳು ಹತ್ತಾರು, ಕೆಡುವ ಹೊತ್ತು ನಡುರಾತ್ರಿ! ಅದಕ್ಕಾಗಿ 8, 16, 32 ಅಥವಾ 48 ಸೀರಿಯಲ್ ದ್ವಾರಗಳುಳ್ಳ ಒಂದು ಪೆಟ್ಟಿಗೆಯನ್ನು ಅಲ್ಲಿಯೇ ಇಟ್ಟು, ಎಲ್ಲ ಯಂತ್ರಗಳ ಕನ್ಸೋಲ್ ಕೇಬಲುಗಳನ್ನು ಅದಕ್ಕೆ ಜೋಡಿಸಿ, ಆ ಪೆಟ್ಟಿಗೆಗೆ ಮಾತ್ರ ದೂರದಿಂದ ಪ್ರವೇಶಿಸುವ ಏರ್ಪಾಡು ಮಾಡುತ್ತಾರೆ. ಈ ಪೆಟ್ಟಿಗೆಯೇ ಕನ್ಸೋಲ್ ಸರ್ವರ್.

ಸ್ಥಾಪಿಸುವ ಕ್ರಮ

ಮೊದಲನೆಯ ಕೆಲಸ ಕಾಗದದ ಮೇಲೆ ನಡೆಯತಕ್ಕದ್ದು. ಯಾವ ದ್ವಾರಕ್ಕೆ ಯಾವ ಯಂತ್ರ, ಅದರ ವೇಗವೆಷ್ಟು, ಎಂತಹ ಕೇಬಲು ಎಂಬ ಪಟ್ಟಿಯನ್ನು ಮೊದಲೇ ಬರೆದುಕೊಳ್ಳಬೇಕು. ಬಳಿಕ ಕೇಬಲಿನ ಎರಡೂ ತುದಿಗಳಿಗೆ ಯಂತ್ರದ ಹೆಸರಿನ ಚೀಟಿ ಅಂಟಿಸಬೇಕು. ‘ದ್ವಾರ 7’ ಎಂಬ ಹೆಸರು ರಾತ್ರಿ ಎರಡು ಗಂಟೆಗೆ ಯಾರಿಗೂ ಏನನ್ನೂ ಹೇಳುವುದಿಲ್ಲ.

ಎರಡನೆಯದು ವೇಗದ ಹೊಂದಾಣಿಕೆ. ಎರಡೂ ಕಡೆ ಒಂದೇ ವೇಗವಿಲ್ಲದಿದ್ದರೆ ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಕಾಣಿಸುತ್ತವೆ. ರೌಟರುಗಳಲ್ಲಿ 9600 ಸಾಮಾನ್ಯವಾದರೆ, ಹಲವು ಸರ್ವರುಗಳಲ್ಲಿ 115200 ಇರುತ್ತದೆ. ಲಿನಕ್ಸ್ ಸರ್ವರ್ ಆಗಿದ್ದರೆ, ಸೀರಿಯಲ್ ದ್ವಾರವನ್ನೂ ಕನ್ಸೋಲ್ ಎಂದು ಪರಿಗಣಿಸುವಂತೆ ಆರಂಭದ ಆಜ್ಞೆಯಲ್ಲಿಯೇ ಸೂಚಿಸಿರಬೇಕು; ಇಲ್ಲವಾದರೆ ಕೇಬಲು ಸರಿಯಿದ್ದರೂ ಅದು ಮೌನವಾಗಿರುತ್ತದೆ. ಕೇಬಲುಗಳ ಒಳ ಜೋಡಣೆಯೂ ತಯಾರಕರಿಂದ ತಯಾರಕರಿಗೆ ಭಿನ್ನ. ಒಬ್ಬನ ಬಾಯಿ ಇನ್ನೊಬ್ಬನ ಕಿವಿಗೆ ಜೋಡಣೆಯಾಗಬೇಕೇ ಹೊರತು ಬಾಯಿಗೆ ಬಾಯಿ ಜೋಡಿಸಿದರೆ ಸಂಭಾಷಣೆ ನಡೆಯದು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಕನ್ಸೋಲ್ ಸರ್ವರನ್ನು ತಲುಪುವ ದಾರಿ ಅದು ಕಾಯಬೇಕಾದ ಜಾಲಕ್ಕಿಂತ ಬೇರೆಯಾಗಿರಬೇಕು. ಹಿಂದೆ ಇದಕ್ಕಾಗಿ ದೂರವಾಣಿ ತಂತಿ ಮತ್ತು ಮೋಡೆಮ್ ಬಳಸುತ್ತಿದ್ದರು. ಈಗ ಸಿಮ್ ಕಾರ್ಡ್ ಹಾಕುವ ಮೊಬೈಲ್ ಮೋಡೆಮನ್ನು ಒಳಗೇ ಅಳವಡಿಸಿದ ಪೆಟ್ಟಿಗೆಗಳು ದೊರೆಯುತ್ತವೆ. ಆ ಸಿಮ್ ಬೇರೆ ಸಂಸ್ಥೆಯದ್ದಾಗಿರಬೇಕು. ಕಟ್ಟಡದ ಮುಖ್ಯ ಸಂಪರ್ಕ ಕೊಡುವ ಸಂಸ್ಥೆಯದ್ದೇ ಆದರೆ ಎರಡೂ ಒಟ್ಟಿಗೇ ಮುಳುಗುತ್ತವೆ. ವಿದ್ಯುತ್ತಿಗೂ ಇದೇ ಮಾತು. ಪೆಟ್ಟಿಗೆಗೆ ಬ್ಯಾಟರಿಯ ಆಸರೆ ಬೇಕು.

ಸಣ್ಣ ಕಚೇರಿಯವರು ದುಬಾರಿ ಪೆಟ್ಟಿಗೆಯನ್ನೇ ಕೊಳ್ಳಬೇಕೆಂದಿಲ್ಲ. ಅಂಗೈಯಗಲದ ರಾಸ್ಪ್‌ಬೆರಿ ಪೈ ಗಣಕಕ್ಕೆ ಯುಎಸ್‌ಬಿ–ಸೀರಿಯಲ್ ಕೇಬಲುಗಳನ್ನು ಜೋಡಿಸಿ ‘ಸರ್‌ಟುನೆಟ್’ ಅಥವಾ ‘ಕನ್‌ಸರ್ವರ್’ ಎಂಬ ಸ್ವತಂತ್ರ ತಂತ್ರಾಂಶ ಹಾಕಿದರೆ ಅದೇ ಕೆಲಸ ನಡೆಯುತ್ತದೆ. ಒಂದು ಎಚ್ಚರಿಕೆ ಅಗತ್ಯ. ಗಣಕ ಮರಳಿ ಎದ್ದಾಗ ಯುಎಸ್‌ಬಿ ಕೇಬಲುಗಳ ಕ್ರಮಸಂಖ್ಯೆ ಅದಲುಬದಲಾಗಬಹುದು. ಪ್ರತಿ ಕೇಬಲನ್ನು ಅದರೊಳಗಿನ ತಯಾರಿಕಾ ಸಂಖ್ಯೆಯಿಂದ ಗುರುತಿಸಿ ಸ್ಥಿರವಾದ ಹೆಸರು ಕೊಡದಿದ್ದರೆ, ಒಂದು ಯಂತ್ರಕ್ಕೆ ಕೊಟ್ಟ ಆಜ್ಞೆ ಇನ್ನೊಂದಕ್ಕೆ ಮುಟ್ಟೀತು.

ದಿನನಿತ್ಯದ ಪಾಲನೆ

ಕನ್ಸೋಲ್ ಸರ್ವರಿನ ಇನ್ನೊಂದು ಉಪಕಾರವೆಂದರೆ ದಾಖಲೆ. ಯಂತ್ರವೊಂದು ಕುಸಿದು ಬೀಳುವ ಮುನ್ನ ತನ್ನ ಕೊನೆಯ ಮಾತನ್ನು ಕನ್ಸೋಲಿನಲ್ಲಿ ನುಡಿಯುತ್ತದೆ. ಕೇಳಿಸಿಕೊಳ್ಳುವವರಿಲ್ಲದಿದ್ದರೆ ಮರುಚಾಲನೆಯೊಂದಿಗೆ ಆ ಮಾತು ಅಳಿಸಿಹೋಗುತ್ತದೆ. ಕನ್ಸೋಲ್ ಸರ್ವರ್ ಹಗಲಿರುಳೂ ಕಿವಿಗೊಟ್ಟಿದ್ದು ಪ್ರತಿಯೊಂದು ಸಾಲನ್ನೂ ಬರೆದಿಡುತ್ತದೆ. ಎಲ್ಲ ಯಂತ್ರಗಳ ಗಡಿಯಾರಗಳು ಒಂದೇ ಸಮಯ ತೋರಿಸುವಂತೆ ಮಾಡಿದ್ದರೆ, ಯಾವುದು ಮೊದಲು ಕೆಟ್ಟಿತು, ಯಾವುದು ಅದರ ಹಿಂದೆ ಬಿದ್ದಿತು ಎಂಬುದನ್ನು ಮರುದಿನ ಓದಿ ತಿಳಿಯಬಹುದು.

ಕನ್‌ಸರ್ವರ್ ತಂತ್ರಾಂಶದಲ್ಲಿ ಒಂದು ಸೊಗಸಾದ ನಿಯಮವಿದೆ. ಒಂದು ಕನ್ಸೋಲನ್ನು ಏಕಕಾಲಕ್ಕೆ ಹಲವರು ನೋಡಬಹುದು, ಬರೆಯುವ ಅಧಿಕಾರ ಮಾತ್ರ ಒಬ್ಬನಿಗೆ. ತರಗತಿಯ ಕರಿಹಲಗೆಯಂತೆ ಎಲ್ಲರ ಕಣ್ಣೂ ಅದರ ಮೇಲೆ, ಸೀಮೆಸುಣ್ಣ ಒಬ್ಬರ ಕೈಯಲ್ಲಿ. ಕಿರಿಯ ತಂತ್ರಜ್ಞರು ಹಿರಿಯರ ಕೆಲಸವನ್ನು ನೋಡಿ ಕಲಿಯಲು ಇದು ಒಳ್ಳೆಯ ಮಾರ್ಗವೂ ಹೌದು.

‘ಬ್ರೇಕ್’ ಎಂಬ ಸಂಕೇತದ ವಿಷಯದಲ್ಲಿ ಜಾಗ್ರತೆ ಬೇಕು. ತಂತಿಯನ್ನು ಒಂದು ಅಕ್ಷರದ ಅವಧಿಗಿಂತಲೂ ಹೆಚ್ಚು ಹೊತ್ತು ಸೊನ್ನೆಯ ಸ್ಥಿತಿಯಲ್ಲಿ ಹಿಡಿದಿಡುವುದೇ ಬ್ರೇಕ್. ಸನ್ ಸಂಸ್ಥೆಯ ಹಳೆಯ ಸರ್ವರುಗಳು ಈ ಸಂಕೇತ ಕಂಡೊಡನೆ ಕೆಲಸ ನಿಲ್ಲಿಸಿ ಆಜ್ಞೆಗಾಗಿ ಕಾಯುತ್ತಿದ್ದವು. ಕೆಲವು ಕನ್ಸೋಲ್ ಸರ್ವರುಗಳು ತಮ್ಮ ವಿದ್ಯುತ್ ಹೋಗಿ ಬಂದಾಗ ತಾವಾಗಿಯೇ ಇಂತಹ ಸಂಕೇತ ಹೊರಡಿಸಿ, ಕಾಯಬೇಕಾದ ಯಂತ್ರಗಳನ್ನೇ ಮಲಗಿಸುತ್ತಿದ್ದವು.

ಎರಡು ದೊಡ್ಡ ಪಾಠಗಳು

ಈ ಪೆಟ್ಟಿಗೆಯ ಬೆಲೆ ಲೋಕಕ್ಕೆ ತಿಳಿದ ಎರಡು ಸಂದರ್ಭಗಳನ್ನು ಹೇಳಬೇಕು. 2021ರ ಅಕ್ಟೋಬರ್ 4ರಂದು ರಾತ್ರಿ ಒಂಬತ್ತು ಗಂಟೆ ಕಳೆದ ಮೇಲೆ ವಾಟ್ಸಾಪ್ ಮೌನವಾದುದು ಕೊಲ್ಲಿಯಲ್ಲಿ ಮಕ್ಕಳಿರುವ ನಮ್ಮ ಮನೆಗಳಲ್ಲಿ ಹಲವರಿಗೆ ನೆನಪಿದ್ದೀತು. ಫೇಸ್‌ಬುಕ್ ಸಂಸ್ಥೆಯ ದತ್ತಾಂಶ ಕೇಂದ್ರಗಳನ್ನು ಬೆಸೆಯುವ ಬೆನ್ನೆಲುಬಿನ ಜಾಲವು ಪಾಲನೆಯ ವೇಳೆ ಕೊಟ್ಟ ಒಂದು ಆಜ್ಞೆಯಿಂದ ಕಡಿದುಹೋಯಿತು. ಅಂತಹ ಆಜ್ಞೆಯನ್ನು ತಡೆಯಬೇಕಾಗಿದ್ದ ಪರಿಶೀಲನಾ ತಂತ್ರಾಂಶದಲ್ಲಿಯೂ ದೋಷವಿತ್ತು. ಮುಖ್ಯ ದಾರಿಯ ಜೊತೆಗೆ ಹೊರಗಿನ ಪರ್ಯಾಯ ದಾರಿಯೂ ಮುಚ್ಚಿದ್ದರಿಂದ, ತಂತ್ರಜ್ಞರು ಕೇಂದ್ರಗಳಿಗೇ ಹೋಗಬೇಕಾಯಿತು. ಕಳ್ಳರನ್ನು ತಡೆಯಲು ಮಾಡಿದ ಬಿಗಿ ಕಾವಲು ಒಳ ಹೋಗಬೇಕಾದವರನ್ನೂ ತಡೆಯಿತು. ಸೇವೆ ಮರಳಲು ಸುಮಾರು ಆರು ಗಂಟೆ ಹಿಡಿಯಿತು.

ಎರಡನೆಯದು ಕೆನಡಾದಲ್ಲಿ 2022ರ ಜುಲೈ 8ರಂದು ನಡೆದುದು. ರೋಜರ್ಸ್ ಎಂಬ ದೂರಸಂಪರ್ಕ ಸಂಸ್ಥೆಯ ಜಾಲ ನವೀಕರಣದ ವೇಳೆ ಒಂದು ಶೋಧಕ ನಿಯಮವನ್ನು ತೆಗೆದುಹಾಕಿದ್ದರಿಂದ ಕೇಂದ್ರ ರೌಟರುಗಳಿಗೆ ಹೊರಲಾರದಷ್ಟು ದಾರಿಗಳ ಮಾಹಿತಿ ನುಗ್ಗಿ ಅವು ಕುಸಿದವು. 1 ಕೋಟಿ 20 ಲಕ್ಷಕ್ಕೂ ಹೆಚ್ಚು ಗ್ರಾಹಕರ ಸಂಪರ್ಕ ಕಡಿಯಿತು. ಅಂಗಡಿಗಳಲ್ಲಿ ಬ್ಯಾಂಕ್ ಕಾರ್ಡುಗಳು ನಡೆಯಲಿಲ್ಲ. ಆಪತ್ಕಾಲದಲ್ಲಿ ಕರೆಯಬೇಕಾದ 911 ಸಂಖ್ಯೆಯೂ ಅನೇಕರಿಗೆ ಸಿಗಲಿಲ್ಲ. ಯಂತ್ರಗಳ ಪಾಲನೆಗೆಂದು ಇದ್ದ ಜಾಲವು ಕುಸಿದ ಜಾಲವನ್ನೇ ಆಶ್ರಯಿಸಿತ್ತು. ನೌಕರರ ಫೋನುಗಳೂ ಅದೇ ಸಂಸ್ಥೆಯವು. ದಾಖಲೆಗಳನ್ನು ಓದಲಾಗದೆ, ಕಾರಣ ಯಾವುದೆಂದು ಕಂಡುಹಿಡಿಯುವುದಕ್ಕೇ ಸುಮಾರು 14 ಗಂಟೆ ಬೇಕಾಯಿತು. ದೂರದ ಕೇಂದ್ರಗಳಿಗೆ ಬೇರೆ ಸಂಸ್ಥೆಯ ಸಿಮ್ ಕಾರ್ಡುಗಳನ್ನು ಕಳುಹಿಸಿಕೊಡಬೇಕಾಯಿತು. ಬೆಂಕಿ ಬಿದ್ದಾಗ ಬಾವಿ ತೋಡುವುದೆಂಬ ಗಾದೆಗೆ ಇದಕ್ಕಿಂತ ದೊಡ್ಡ ದೃಷ್ಟಾಂತ ಬೇಕೇ? ಜಾಲ ಕಡಿದರೆ ಬರಿಯ ಹರಟೆ ನಿಲ್ಲುವುದಲ್ಲ. ಆಂಬುಲೆನ್ಸಿಗಾಗಿ ಕರೆಯುವ ಕೈಯೂ ಬರಿದಾಗುತ್ತದೆ.

ಕೈಗೊಂಚಲಿನ ಕಾವಲು

ಎಲ್ಲ ಬಾಗಿಲುಗಳ ಕೀಲಿಗಳೂ ಒಂದೇ ಗೊಂಚಲಲ್ಲಿದ್ದರೆ ಆ ಗೊಂಚಲನ್ನು ಜೋಪಾನ ಮಾಡಬೇಕು. ಕನ್ಸೋಲ್ ದ್ವಾರ ಕೈಗೆ ಸಿಕ್ಕವನು ಯಂತ್ರವನ್ನು ಮರುಚಾಲನೆ ಮಾಡಿ, ಆರಂಭದ ಕ್ಷಣದಲ್ಲಿ ಬ್ರೇಕ್ ಕಳುಹಿಸಿ, ಗುಪ್ತಪದವನ್ನು ಬದಲಿಸುವ ಉಪಾಯ ಹಲವು ರೌಟರುಗಳಲ್ಲಿದೆ. ಮರೆತವರಿಗಾಗಿ ಮಾಡಿದ ಅನುಕೂಲ ಕಳ್ಳನಿಗೂ ಅನುಕೂಲವೇ. ಆದುದರಿಂದ ತಯಾರಕರು ಕೊಟ್ಟ ಗುಪ್ತಪದವನ್ನು ಮೊದಲ ದಿನವೇ ಬದಲಿಸಬೇಕು. ಪ್ರತಿಯೊಬ್ಬನಿಗೂ ಅವನದೇ ಹೆಸರಿನ ಪ್ರವೇಶ ಇರಬೇಕು. ಮಾತುಗಳನ್ನು ಬಯಲಿನಲ್ಲಿ ಒಯ್ಯುವ ಟೆಲ್ನೆಟ್ ಬಿಟ್ಟು, 1995ರಲ್ಲಿ ಫಿನ್ಲೆಂಡಿನಲ್ಲಿ ರೂಪುಗೊಂಡ ಎಸ್‌ಎಸ್‌ಎಚ್ ಎಂಬ ಗೂಢಲಿಪಿಯ ಮಾರ್ಗವನ್ನು ಬಳಸಬೇಕು. ಕೆಲಸ ಮುಗಿದೊಡನೆ ನಿರ್ಗಮಿಸಬೇಕು. ತೆರೆದೇ ಬಿಟ್ಟುಹೋದ ಕನ್ಸೋಲಿಗೆ ಮುಂದೆ ಬಂದವನು ಹಿಂದಿನವನ ಅಧಿಕಾರದಲ್ಲಿಯೇ ಕುಳಿತುಕೊಳ್ಳುತ್ತಾನೆ.

ಕೊನೆಯದಾಗಿ, ಪರೀಕ್ಷೆ. ಬಳಸದ ದಾರಿಯಲ್ಲಿ ಮುಳ್ಳು ಬೆಳೆಯುತ್ತದೆ. ಸಿಮ್ಮಿನ ಅವಧಿ ಮುಗಿದಿರುತ್ತದೆ, ಕೇಬಲು ಸಡಿಲವಾಗಿರುತ್ತದೆ, ಗುಪ್ತಪದ ಬಲ್ಲವನು ಕೆಲಸ ಬಿಟ್ಟಿರುತ್ತಾನೆ. ತಿಂಗಳಿಗೊಮ್ಮೆ ಮುಖ್ಯ ಜಾಲವನ್ನು ಮುಟ್ಟದೆ, ಪರ್ಯಾಯ ದಾರಿಯಿಂದಲೇ ಪ್ರತಿಯೊಂದು ಯಂತ್ರವನ್ನೂ ಮಾತನಾಡಿಸಿ ನೋಡುವ ಕ್ರಮವನ್ನು ಇಟ್ಟುಕೊಂಡವರು ಆಪತ್ತಿನ ರಾತ್ರಿ ಗಾಬರಿಗೊಳ್ಳಬೇಕಾಗಿಲ್ಲ.

ಎಲ್ಲವೂ ಸರಿಯಿದ್ದಾಗ ಈ ಪೆಟ್ಟಿಗೆಯನ್ನು ಯಾರೂ ನೆನೆಯುವುದಿಲ್ಲ; ಅದನ್ನು ಅಣಿಯಾಗಿಡುವವರ ಹೆಸರೂ ಹೊರಗೆ ಬರುವುದಿಲ್ಲ. ನಿಮ್ಮ ಮಗನೋ ಮಗಳೋ ರಾತ್ರಿ ಪಾಳಿಯಲ್ಲಿ ಇಂತಹ ಕೆಲಸ ಮಾಡುತ್ತಿದ್ದರೆ, ಯಾರದೋ ಮನೆಯ ತುರ್ತುಕರೆ ಸಲ್ಲುವ ಹಾಗೆ ಎಚ್ಚರವಿದ್ದಾರೆಂದು ಅಭಿಮಾನಪಡಿ. ಈ ವಿದ್ಯೆಯನ್ನು ಕಲಿತ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆಯಿದೆ. ರಜೆಯಲ್ಲಿ ಊರಿಗೆ ಬಂದಾಗ ಶಾಲೆಯ ಗಣಕ ಕೊಠಡಿಯಲ್ಲಿ ಒಂದು ಚಿಕ್ಕ ಗಣಕ, ಒಂದು ಸೀರಿಯಲ್ ಕೇಬಲು ಇಟ್ಟು ಮಕ್ಕಳಿಗೆ ಇದನ್ನು ತೋರಿಸಿಕೊಡಿ, ಕನ್ನಡದಲ್ಲಿಯೇ ವಿವರಿಸಿ. ಮುಂದಿನ ಐವತ್ತು ವರ್ಷಗಳಿಗೆ ಶಾಲೆಯನ್ನು ಅಣಿಗೊಳಿಸಲು ಅದೂ ಒಂದು ಕೊಡುಗೆಯಾದೀತು.