‘ವಾಕ್’ ಎಂಬ ಒಂದು ಇಂಗ್ಲಿಷು ಮಾತು

ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ ಕಾರ್ಖಾನೆಗಳ ಬಾಗಿಲ ಬಳಿ ಒಂದು ಬಗೆಯ ಪ್ರಕಟಣೆ ಆಗಾಗ ಕಣ್ಣಿಗೆ ಬೀಳುವುದುಂಟು. ಟೈಲರುಗಳೂ ಹೆಲ್ಪರುಗಳೂ ಬೇಕಾಗಿದ್ದಾರೆ, ‘ವಾಕ್-ಇನ್’ ಎಂದು ಅದರ ಒಕ್ಕಣೆ. ಊರಿನ ಮತ್ತೊಂದು ಅಂಚಿನಲ್ಲಿ, ವೈಟ್‌ಫೀಲ್ಡಿನ ಕಡೆ, ಸುತ್ತಲೂ ಗೋಡೆ ಕಟ್ಟಿದ ವಸತಿಗಳ ಒಳಗೆ ‘ವಾಕಿಂಗ್ ಟ್ರ್ಯಾಕ್’ ಎಂಬ ಫಲಕವಿರುತ್ತದೆ. ದೊಡ್ಡ ರಸ್ತೆಗಳನ್ನು ಕಾಲ್ನಡೆಯಾಗಿ ದಾಟುವವರಿಗೆಂದು ಮೇಲೆ ಕಟ್ಟಿದ ಸೇತುವೆಗೆ ‘ಸ್ಕೈವಾಕ್’ ಎಂದು ಹೆಸರು. ಮೂರು ಕಡೆಯೂ ಮಾತು ಒಂದೇ. ಅರ್ಥ ಮಾತ್ರ ಮೂರು ಬಗೆ. ಈ ಚಿಕ್ಕ ಮಾತಿನ ಹುಟ್ಟು, ಅದರ ಬಳಕೆ, ನಮ್ಮಲ್ಲಿಗೆ ಬಂದ ಮೇಲೆ ಅದು ಪಡೆದ ಹೊಸ ಅವತಾರ, ಇವುಗಳನ್ನು ಕುರಿತು ಶ್ರೋತೃಗಳೊಡನೆ ಸ್ವಲ್ಪ ವಿಚಾರಮಾಡಬೇಕೆಂದು ನಮ್ಮ ಅಪೇಕ್ಷೆ.

‘ವಾಕ್’ ಎಂದರೆ ಮೊದಲಿಗೆ ನಡೆಯುವುದೆಂದು ಅರ್ಥವೇ ಇರಲಿಲ್ಲವೆಂದರೆ ಕೆಲವರಿಗೆ ಆಶ್ಚರ್ಯವಾದೀತು. ಹಳೆಯ ಇಂಗ್ಲಿಷಿನಲ್ಲಿ ಇದರ ಮೂಲರೂಪಕ್ಕೆ ಉರುಳು, ಹೊರಳು, ಅತ್ತಿತ್ತ ತೂಗಾಡು ಎಂಬ ಅರ್ಥವಿದ್ದಿತು. ತೆರೆಯ ಹೊರಳಾಟಕ್ಕೆ ಒಪ್ಪುವ ಮಾತು ಅದು. ಅತ್ತಿತ್ತ ಅಲೆಯುವುದೆಂಬ ಅರ್ಥ ಅದರಿಂದ ಬಂದು, ಹದಿಮೂರನೆಯ ಶತಮಾನದ ಸುಮಾರಿಗೆ ಕಾಲಿನಿಂದ ನಡೆಯುವುದೆಂಬ ಅರ್ಥ ನೆಲೆನಿಂತಿತು. ಜರ್ಮನ್ ಭಾಷೆಯ ಸೋದರಪದವಾದ ‘ವಾಲ್ಕೆನ್’ ಎಂಬುದಾದರೋ ಇಂದಿಗೂ ಬೇರೊಂದು ಕಸುಬನ್ನು ಹೇಳುತ್ತದೆ: ನೇಯ್ದ ಉಣ್ಣೆಯ ಬಟ್ಟೆಯನ್ನು ನೀರಿನಲ್ಲಿ ನಾದಿ ದಟ್ಟವಾಗಿಸುವುದು. ಇಂಗ್ಲೆಂಡಿನಲ್ಲಿಯೂ ಹಿಂದೆ ಈ ಕೆಲಸವನ್ನು ಕಾಲಿನಿಂದ ತುಳಿದು ಮಾಡುತ್ತಿದ್ದರು. ಹಾಗೆ ತುಳಿಯುವವನೇ ‘ವಾಕರ್’. ಇಂದು ಆ ಹೆಸರಿನ ಮನೆತನಗಳವರ ಹಿರಿಯರು ದೊಡ್ಡ ನಡೆಗಾರರಾಗಿದ್ದರೆಂದು ಊಹಿಸಬೇಕಾದುದಿಲ್ಲ. ಅವರು ನಿಂತಲ್ಲಿಯೇ ತುಳಿಯುತ್ತಿದ್ದವರು. ಪೀಣ್ಯದ ಸಿದ್ಧ ಉಡುಪಿನ ಕಾರ್ಖಾನೆಯ ಬಾಗಿಲಲ್ಲಿ ‘ವಾಕ್’ ಎಂಬ ಮಾತನ್ನು ಕಂಡಾಗಲೆಲ್ಲ ನಮಗೆ ಈ ಹಳೆಯ ನಂಟು ನೆನಪಾಗುತ್ತದೆ. ಮಾತು ಊರೆಲ್ಲ ಅಲೆದು ಮತ್ತೆ ಬಟ್ಟೆಯ ಬಾಗಿಲಿಗೇ ಬಂದು ನಿಂತಿದೆ.

ನಾಮಪದವಾಗಿ ‘ವಾಕ್’ ಎಂದರೆ ನಡಿಗೆ ಮಾತ್ರವಲ್ಲ, ನಡೆಯುವ ಜಾಗವೂ ಹೌದು. ಹಗ್ಗ ಹೊಸೆಯುವವರು ಹಿಂದುಹಿಂದಕ್ಕೆ ನಡೆಯುತ್ತ ಎಳೆಗಳನ್ನು ಹುರಿಮಾಡುತ್ತಿದ್ದ ಉದ್ದನೆಯ ಓಣಿ ‘ರೋಪ್‌ವಾಕ್’. ಕುರಿಗಳ ಮೇವಿನ ಬಯಲು ‘ಷೀಪ್‌ವಾಕ್’. ಅಂಚೆಯವನು ದಿನವೂ ಸುತ್ತತಕ್ಕ ಹಾದಿ ಅವನ ‘ವಾಕ್’. ಕ್ರಿಯಾಪದವಾದಾಗ ಇದು ಕೆಲವು ವೇಳೆ ಇತರರನ್ನೂ ನಡೆಸುತ್ತದೆ. ನಾಯಿಯನ್ನು ‘ವಾಕ್’ ಮಾಡುವುದೆಂದರೆ ನಾಯಿಯನ್ನು ತಿರುಗಾಡಿಸುವುದು, ಆದರೆ ಯಾರು ಯಾರನ್ನು ಎಳೆಯುತ್ತಿದ್ದಾರೆಂಬುದು ನೋಡಿದವರಿಗೇ ಗೊತ್ತು. ಪಂದ್ಯದಲ್ಲಿ ಒಂದೇ ಕುದುರೆ ಉಳಿದಾಗ ಅದು ಓಡದೆ ನಡೆದುಕೊಂಡೇ ಹೋಗಿ ಬಹುಮಾನ ಪಡೆಯುತ್ತಿದ್ದುದರಿಂದ ‘ವಾಕೋವರ್’ ಹುಟ್ಟಿತು. ಶಾಸನಸಭೆಯಿಂದ ಪ್ರತಿಭಟಿಸಿ ಹೊರಗೆ ನಡೆಯುವುದು ‘ವಾಕೌಟ್’. ಇದಕ್ಕೆ ನಮ್ಮ ಪತ್ರಿಕೆಗಳು ‘ಸಭಾತ್ಯಾಗ’ ಎಂಬ ಘನವಾದ ಮಾತನ್ನು ಕಟ್ಟಿಕೊಟ್ಟಿವೆ. ತ್ಯಾಗಮಾಡಿದವರು ಮಧ್ಯಾಹ್ನಕ್ಕೆ ಹಿಂದಿರುಗುವುದೂ ಉಂಟು.

ಇವೆಲ್ಲಕ್ಕಿಂತ ನಮಗೆ ಪ್ರಿಯವಾದುದು ಕ್ರಿಕೆಟ್ಟಿನ ‘ವಾಕ್’. ಚೆಂಡು ಬ್ಯಾಟಿಗೆ ಸೋಕಿತೆಂದು ತನಗೆ ತಿಳಿದ ಆಟಗಾರನು ಅಂಪೈರನ ತೀರ್ಪಿಗೆ ಕಾಯದೆ ತಾನಾಗಿ ಹೊರಟುಹೋಗುವುದು ಇದು. 2003ರ ವಿಶ್ವಕಪ್ಪಿನ ಉಪಾಂತ್ಯದಲ್ಲಿ ಆಸ್ಟ್ರೇಲಿಯದ ಗಿಲ್‌ಕ್ರಿಸ್ಟ್ ಹಾಗೆ ಹೊರಟದ್ದು ಪ್ರಸಿದ್ಧವಾಗಿದೆ. ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಅವರಿಗೂ ಹೀಗೆ ನಡೆದುಬಿಡತಕ್ಕವರೆಂಬ ಹೆಸರುಂಟು. ಇಲ್ಲಿ ‘ವಾಕ್’ ಎಂಬುದನ್ನು ನಡಿಗೆಯೆಂದರೆ ಸಾಲದು, ನಡತೆಯೆನ್ನಬೇಕು.

ಇಂಗ್ಲಿಷರಿಗೆ ಇದು ವಿಶೇಷಾರ್ಥ, ಕನ್ನಡಕ್ಕೆ ಸಹಜ. ‘ನಡೆ’ ಎಂಬ ಒಂದೇ ಧಾತುವಿನಿಂದ ನಡಿಗೆ, ನಡತೆ, ನಡವಳಿಕೆ, ನಡಾವಳಿ ಎಲ್ಲವೂ ಬಂದಿವೆ. ಪೂಜ್ಯರು ಕಾಲಿಡುವ ದಾರಿಯಲ್ಲಿ ಹಾಸುವ ಬಟ್ಟೆಗೆ ‘ನಡೆಮಡಿ’ ಎಂದು ನಮ್ಮವರು ಹೆಸರಿಟ್ಟರು. ಮನುಷ್ಯನು ಹೇಗೆ ಹೆಜ್ಜೆಯಿಡುತ್ತಾನೆ ಎಂಬುದಕ್ಕೂ ಹೇಗೆ ಬಾಳುತ್ತಾನೆ ಎಂಬುದಕ್ಕೂ ನಾವು ಬೇರೆ ಮಾತನ್ನು ಹುಡುಕಲಿಲ್ಲ. ಇನ್ನೊಂದು ಸ್ವಾರಸ್ಯವನ್ನು ನೋಡಿ: ಇಂಗ್ಲಿಷಿನವನ ಅಂಗಡಿ ‘ಓಡು’ತ್ತದೆ, ಅವನು ಅದನ್ನು ‘ಓಡಿಸು’ತ್ತಾನೆ, ನಮ್ಮ ಅಂಗಡಿಯಾದರೆ ನಡೆಯುತ್ತದೆ. ನಮ್ಮಲ್ಲಿ ಮದುವೆ ನಡೆಯುತ್ತದೆ, ಜಾತ್ರೆ ನಡೆಯುತ್ತದೆ, ಜಗಳವೂ ನಡೆಯುತ್ತದೆ.

ಇಷ್ಟು ಸಂಪನ್ನವಾದ ಮಾತು ನಮ್ಮಲ್ಲಿರುವಾಗ ‘ವಾಕಿಂಗ್’ ಎಂಬುದನ್ನು ಏಕೆ ತಂದುಕೊಂಡೆವು? ಒಮ್ಮೆ ತರಗತಿಯಲ್ಲಿ ಎರಡು ಇಂಗ್ಲಿಷು ವಾಕ್ಯಗಳನ್ನು ಕನ್ನಡಿಸಲು ಹೇಳಿದೆವು. ಒಂದರಲ್ಲಿ ಕಾಲೇಜಿಗೆ ಕಾಲಿನಲ್ಲಿ ಬರುವ ವಿಷಯ; ಇನ್ನೊಂದರಲ್ಲಿ ಸಂಜೆ ತಿರುಗಾಡಲು ಹೋಗುವ ವಿಷಯ. ಇಂಗ್ಲಿಷಿನಲ್ಲಿ ಎರಡಕ್ಕೂ ‘ವಾಕ್’ ಎಂಬ ಒಂದೇ ಪದವಿದ್ದಿತು. ಹುಡುಗರೆಲ್ಲರೂ ಮೊದಲನೆಯದಕ್ಕೆ ‘ನಡೆದುಕೊಂಡು ಬರುತ್ತೇನೆ’ ಎಂದೂ ಎರಡನೆಯದಕ್ಕೆ ‘ವಾಕಿಂಗ್ ಹೋಗುತ್ತೇನೆ’ ಎಂದೂ ಬರೆದರು. ‘ವಾಯುವಿಹಾರ’ವನ್ನು ಒಬ್ಬರೂ ಬರೆಯಲಿಲ್ಲ, ಹೋಗಲಿ. ಗಮನಿಸಬೇಕಾದುದೇನೆಂದರೆ, ಇಂಗ್ಲಿಷಿನ ಒಂದು ಮಾತನ್ನು ನಾವು ಎರಡಾಗಿ ಸೀಳಿಕೊಂಡಿದ್ದೇವೆ. ವಾಹನವುಳ್ಳವರು ಆರೋಗ್ಯಕ್ಕಾಗಿ ಮಾಡುವುದು ವಾಕಿಂಗ್. ವಾಹನವಿಲ್ಲದವರು ಕೆಲಸಕ್ಕಾಗಿ ಮಾಡುವುದು ನಡೆದುಕೊಂಡು ಹೋಗುವುದು. ಉಡುಪಿನ ಕಾರ್ಖಾನೆಯಿಂದ ಸಂಜೆ ಗುಂಪುಗುಂಪಾಗಿ ಮನೆಗೆ ತೆರಳುವ ಹೆಣ್ಣುಮಕ್ಕಳು ವಾಕಿಂಗ್ ಹೊರಟಿದ್ದಾರೆಂದು ಯಾರೂ ಹೇಳರು. ಹೇಳಿದರೆ ಅವರೇ ನಕ್ಕಾರು.

ಮಾತಿನಲ್ಲಿ ಆದ ಈ ಸೀಳು ನೆಲದ ಮೇಲೆಯೂ ಕಾಣುತ್ತದೆ. 1882ರಲ್ಲಿ ಚಾಮರಾಜೇಂದ್ರ ಒಡೆಯರವರು ಯೂರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಭೂಮಿಯನ್ನು ದಯಪಾಲಿಸಿದರಷ್ಟೆ. ಆ ಸಂಘದ ಡಿ.ಎಸ್. ವೈಟ್ ಅವರ ಹೆಸರು ಹೊತ್ತ ವೈಟ್‌ಫೀಲ್ಡು ಚಿಕ್ಕ ವೃತ್ತಾಕಾರದ ಹಳ್ಳಿಯಾಗಿ ಮೊದಲಾಯಿತು. ಕಾಲಿನಲ್ಲಿ ಸುತ್ತಿಬರಬಹುದಾದಷ್ಟೇ ಅದರ ಅಳತೆ. ಇಂದಿನ ವೈಟ್‌ಫೀಲ್ಡಿನಲ್ಲಿ ವಾಕಿಂಗಿಗೆ ಹಾದಿಯಿರುವುದು ಬಹುಮಟ್ಟಿಗೆ ಗೋಡೆಯೊಳಗೆ. ಗೋಡೆಯ ಹೊರಗೆ ಕಾಲುದಾರಿ ಹತ್ತು ಮಾರು ಸಾಗಿ, ಒಂದು ಟ್ರಾನ್ಸ್‌ಫಾರ್ಮರಿನ ಬುಡದಲ್ಲಿ ನಿಂತುಬಿಡುತ್ತದೆ. ಒಳಗೆ ವಾಕಿಂಗ್ ಮಾಡುವವರ ಮನೆಗೆಲಸಕ್ಕೆ ಬರತಕ್ಕವರು ಹೊರಗಿನ ಹಾದಿಯಲ್ಲಿಯೇ ನಡೆದು ಬರಬೇಕು.

ನಿಯಮಗಳು ಇಲ್ಲವೆಂದಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸು ಪಾದಚಾರಿಗಳ ಹಾದಿಗೆ ಕನಿಷ್ಠ 1.8 ಮೀಟರು ಅಗಲ ಬೇಕೆಂದು ವಿಧಿಸಿದೆ. ಇಬ್ಬರು ಎದುರುಬದುರಾಗಿ ಬಂದರೂ ಯಾರೂ ರಸ್ತೆಗೆ ಇಳಿಯಬಾರದೆಂಬುದು ಇದರ ಲೆಕ್ಕ. ಸಂಕೇತದೀಪಗಳ ಕಾಲವನ್ನು ಗೊತ್ತುಮಾಡುವಾಗ ಮನುಷ್ಯನು ಸೆಕೆಂಡಿಗೆ 1.2 ಮೀಟರು ನಡೆಯುತ್ತಾನೆಂದು ಹಿಡಿಯುತ್ತಾರೆ. ಎಂದರೆ 24 ಮೀಟರು ಅಗಲದ ರಸ್ತೆಯನ್ನು ದಾಟಲು 20 ಸೆಕೆಂಡು. ಕೈಯಲ್ಲಿ ಊಟದ ಡಬ್ಬಿ, ಕಂಕುಳಲ್ಲಿ ಮಗು ಇರುವವಳ ವೇಗ ಅದಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ 32,825 ಮಂದಿ ಕಾಲ್ನಡೆಯವರೆಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ಕಾಲುದಾರಿಯ ಹಕ್ಕು ಸಂವಿಧಾನದ 21ನೆಯ ಅನುಚ್ಛೇದದ ಜೀವದ ಹಕ್ಕಿನಲ್ಲಿಯೇ ಅಡಕವಾಗಿದೆಯೆಂದು ಸಾರಿತು. ‘ನಡೆ’ ಎಂಬ ಮಾತಿನಲ್ಲಿ ಬಾಳನ್ನೂ ಕಂಡ ಕನ್ನಡಿಗರಿಗೆ ಈ ತೀರ್ಪು ಹೊಸದೆನಿಸಬೇಕಾಗಿಲ್ಲ.

ಎಲೆಕ್ಟ್ರಾನಿಕ್ ಸಿಟಿಯ ಕಡೆಗೆ 2010ರ ಜನವರಿಯಲ್ಲಿ ತೆರೆದ ಸುಮಾರು 10 ಕಿಲೋಮೀಟರಿನ ಮೇಲುರಸ್ತೆಯುಂಟು. ಚಕ್ರವುಳ್ಳವರಿಗೆ ಅದು ದೊಡ್ಡ ಉಪಕಾರ. ಕಾಲುಳ್ಳವರಿಗೆ ಅಲ್ಲಿ ಪ್ರವೇಶವಿಲ್ಲ, ಇರಬೇಕೆಂದು ಕೇಳುವವರೂ ಇಲ್ಲ. 2025ರ ಆಗಸ್ಟಿನಿಂದ ಆರ್.ವಿ. ರಸ್ತೆಗೂ ಬೊಮ್ಮಸಂದ್ರಕ್ಕೂ ಮೆಟ್ರೋ ರೈಲು ಓಡುತ್ತಿದೆ. ನಿಲ್ದಾಣದಿಂದ ಕಚೇರಿಗೆ ಉಳಿಯುವ ದೂರಕ್ಕೆ ‘ಕೊನೆಯ ಮೈಲಿ’ ಎಂಬ ಹೊಸ ನುಡಿಗಟ್ಟು ಬಂದಿದೆ. ಮೈಲಿಯ ಲೆಕ್ಕವನ್ನು ನಾವು ಬಿಟ್ಟು ಎಷ್ಟೋ ಕಾಲವಾಯಿತು, ಇದೊಂದು ಮೈಲಿ ಮಾತ್ರ ಉಳಿದಿದೆ. ಅದು ನಡೆಯುವವರ ಪಾಲಿನದು.

‘ಸ್ಕೈವಾಕ್’ ವಿಚಾರವೊಂದು ಬಾಕಿಯಿದೆ. ಇಂಗ್ಲಿಷಿನ ‘ವಾಕ್’ ಕನ್ನಡ ಲಿಪಿಯಲ್ಲಿ ಸಂಸ್ಕೃತದ ‘ವಾಕ್’ ಎಂಬುದರ ರೂಪವನ್ನೇ ತಾಳುತ್ತದೆ. ‘ಸ್ಕೈ’ ಎಂಬುದನ್ನು ಮಾತ್ರ ಕನ್ನಡಿಸಿದರೆ ‘ಆಕಾಶವಾಕ್’, ಅರ್ಥಾತ್ ಆಕಾಶವಾಣಿ! 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರಿಗೆ ಈ ಶ್ಲೇಷೆ ರುಚಿಸುತ್ತಿತ್ತೆಂದು ನಮ್ಮ ನಂಬಿಕೆ. ಆದರೆ ಮಂಡಿನೋವಿನ ವೃದ್ಧರಿಗೆ ಇದು ವಿನೋದವಲ್ಲ. ರಸ್ತೆಯ ಆಚೆ ಬದಿ ಕೂಗಿದರೆ ಕೇಳುವಷ್ಟು ಹತ್ತಿರವಿರುತ್ತದೆ. ಅಲ್ಲಿಗೆ ಹೋಗಲು ಒಂದು ಮಹಡಿಯಷ್ಟು ಮೇಲೇರಿ, ದಾಟಿ, ಅಷ್ಟೇ ಕೆಳಗಿಳಿಯಬೇಕು. ಕಾರಿನಲ್ಲಿ ಕುಳಿತವರು ಮಾತ್ರ ನೆಲದಲ್ಲಿಯೇ ಹೋಗುತ್ತಾರೆ.

ಇನ್ನು ‘ವಾಕ್-ಇನ್’. ಮುಂಚಿತವಾಗಿ ಅರ್ಜಿಯಿಲ್ಲದೆ ನೇರವಾಗಿ ಬಂದು ಕೆಲಸ ಕೇಳಬಹುದೆಂಬುದು ಇದರ ತಾತ್ಪರ್ಯ. ಕನ್ನಡ ಪತ್ರಿಕೆಗಳು ಇದನ್ನು ‘ನೇರ ಸಂದರ್ಶನ’ವೆಂದು ಬರೆಯುತ್ತವೆ. ಅನುವಾದ ತಪ್ಪಲ್ಲ, ಅದರಲ್ಲಿ ನಡಿಗೆ ಮಾತ್ರ ಬಿಟ್ಟುಹೋಗಿದೆ. ಎಲೆಕ್ಟ್ರಾನಿಕ್ ಸಿಟಿಯ ‘ವಾಕ್-ಇನ್’ಗೆ ಕಾರಿನಲ್ಲಿ ಬಂದಿಳಿಯುವ ಪದವೀಧರರಿಗೆ ಅದು ಸಾಕು. ಪೀಣ್ಯ ಇಂಡಸ್ಟ್ರಿ ನಿಲ್ದಾಣದಲ್ಲಿ ಇಳಿದು, ಲಾರಿಗಳ ಪಕ್ಕದಲ್ಲಿ ಸೆರಗು ಹಿಡಿದುಕೊಂಡು, ವಿಳಾಸ ಕೇಳುತ್ತ ಬರುವ ಹೆಣ್ಣುಮಗಳಿಗೆ ಬರೆಯುವುದಾದರೆ ‘ನಡೆದು ಬನ್ನಿ’ ಎಂದೇ ಬರೆಯಬೇಕು. ಬಾಗಿಲ ಕಾವಲುಗಾರನು ಅವಳನ್ನು ಕೇಳುವ ಮೊದಲ ಪ್ರಶ್ನೆ, ಮನೆ ಎಷ್ಟು ದೂರ ಎಂಬುದು.