ಮದ್ದಿಗಿಂತ ಮುಂಚೆ ಬರಬೇಕಾದ ಉತ್ತರ

ಅವಧಿ ತುಂಬುವ ಮೊದಲೇ ಹುಟ್ಟಿದ ಕೂಸಿನ ದೊಡ್ಡ ಶತ್ರುವೆಂದರೆ ನಂಜು. ಮೈ ಕಾವೇರಬಹುದು, ಏರದೆಯೂ ಇರಬಹುದು. ಕೂಸು ಹಾಲು ಬಿಟ್ಟೀತು, ಉಸಿರು ತಡವರಿಸೀತು. ತನಗೇನಾಗುತ್ತಿದೆಯೆಂದು ಹೇಳಿಕೊಳ್ಳಲು ಆ ಜೀವಕ್ಕೆ ಬಾಯಿಯಿಲ್ಲ. ರಕ್ತವನ್ನು ಪರೀಕ್ಷೆಗೆ ಕಳುಹಿಸಿ, ಅದರಲ್ಲಿ ರೋಗಾಣು ಬೆಳೆಯುವುದೋ ಇಲ್ಲವೋ ಎಂದು ದಿನಗಟ್ಟಲೆ ಕಾದು ಕುಳಿತರೆ ಅಷ್ಟರಲ್ಲಿ ಕೂಸೇ ಕೈಬಿಟ್ಟು ಹೋಗಬಹುದು. ಆದುದರಿಂದ ಚಿಕಿತ್ಸೆ ಬೇಕೆಂದು ನಿಶ್ಚಯಿಸಿದ ಒಂದು ಗಂಟೆಯೊಳಗೆ ಮದ್ದು ರಕ್ತವನ್ನು ಸೇರಬೇಕೆಂಬುದು ಬ್ರಿಟನ್ನಿನ ವೈದ್ಯರ ಕಟ್ಟಳೆ. ಅಲ್ಲಿ ಪೆನಿಸಿಲಿನ್ನಿನ ಜೊತೆಗೂಡಿಸಿ ಮೊದಲು ಕೊಡುವ ಮದ್ದು ಜೆಂಟಾಮೈಸಿನ್. ಭಾರತದ ಶಿಶುಚಿಕಿತ್ಸಾಲಯಗಳಿಗೂ ಅದು ಅಪರಿಚಿತವಲ್ಲ. ಬೆಲೆ ಅಗ್ಗ, ಬಲ ಹೆಚ್ಚು. ಅದರಿಂದ ಉಳಿದುಕೊಂಡ ಕೂಸುಗಳಿಗೆ ಲೆಕ್ಕವಿಲ್ಲ.

ಆದರೆ ಸುಮಾರು ಐನೂರು ಕೂಸುಗಳಲ್ಲಿ ಒಂದಕ್ಕೆ ಈ ಸಂಜೀವಿನಿಯೇ ಕಂಟಕವಾಗಬಲ್ಲುದು. ಒಂದೇ ಒಂದು ಸಲ ಕೊಟ್ಟ ಮದ್ದು ಕೂಸಿನ ಎರಡು ಕಿವಿಗಳ ಶಕ್ತಿಯನ್ನೂ ಕಸಿದುಕೊಳ್ಳಬಹುದು. ಒಮ್ಮೆ ಹೋದ ಆ ಶಕ್ತಿಯನ್ನು ಮರಳಿ ತರುವ ಔಷಧವಿಲ್ಲ. ನಂಜಿನಿಂದ ಪಾರಾಗಿ ಮನೆಗೆ ಬಂದ ಮಗು ತೊಟ್ಟಿಲಲ್ಲಿ ಮಲಗಿ ನಗುತ್ತದೆ. ಜೋಗುಳ ಮಾತ್ರ ಅದಕ್ಕೆ ಕೇಳಿಸುವುದಿಲ್ಲ.

ಇದಕ್ಕೆ ಕಾರಣ ತಾಯಿಯಿಂದ ಬಂದ ಒಂದು ಅಕ್ಷರದ ವ್ಯತ್ಯಾಸ. ಪ್ರತಿಯೊಂದು ಜೀವಕೋಶದ ಒಳಗೂ ಶಕ್ತಿಯನ್ನು ಒದಗಿಸುವ ಮೈಟೊಕಾಂಡ್ರಿಯ ಎಂಬ ಅತಿ ಸೂಕ್ಷ್ಮವಾದ ಒಲೆಗಳಿವೆ. ಇವುಗಳ ಪೂರ್ವಜರು ಒಂದಾನೊಂದು ಕಾಲದಲ್ಲಿ ಸ್ವತಂತ್ರವಾಗಿ ಬಾಳುತ್ತಿದ್ದ ಬ್ಯಾಕ್ಟೀರಿಯಗಳೆಂಬುದು ವಿಜ್ಞಾನಿಗಳು ಒಪ್ಪಿರುವ ಮಾತು. ಹಳೆಯ ನೆಂಟಸ್ತನದ ಗುರುತಾಗಿ ಇಂದಿಗೂ ಅವುಗಳಿಗೆ ತಮ್ಮದೇ ಆದ ಚಿಕ್ಕದೊಂದು ಡಿ.ಎನ್.ಎ. ಸುರುಳಿಯಿದೆ, ಪ್ರೋಟೀನು ತಯಾರಿಸುವ ತಮ್ಮದೇ ಯಂತ್ರವೂ ಇದೆ. ಜೆಂಟಾಮೈಸಿನ್ ರೋಗಾಣುವನ್ನು ಕೊಲ್ಲುವುದು ಅದರ ಪ್ರೋಟೀನು ಯಂತ್ರಕ್ಕೆ ಅಂಟಿಕೊಂಡು. ಮನುಷ್ಯನ ಯಂತ್ರದ ಅಚ್ಚು ಸ್ವಲ್ಪ ಬೇರೆಯಾದುದರಿಂದ ಸಾಮಾನ್ಯವಾಗಿ ಮದ್ದು ಅದರ ಗೊಡವೆಗೆ ಹೋಗುವುದಿಲ್ಲ. ಆದರೆ ಆ ಸುರುಳಿಯ ೧೫೫೫ನೆಯ ಸ್ಥಾನದಲ್ಲಿ ‘ಎ’ ಎಂಬ ಅಕ್ಷರವಿರಬೇಕಾದಲ್ಲಿ ‘ಜಿ’ ಇದ್ದರೆ, ಮನುಷ್ಯನ ಯಂತ್ರವೇ ರೋಗಾಣುವಿನ ಯಂತ್ರವನ್ನು ಹೋಲತೊಡಗುತ್ತದೆ. ಮದ್ದಿಗೆ ಶತ್ರು ಯಾರು, ಮಿತ್ರ ಯಾರು ಎಂಬ ವಿವೇಚನೆ ಎಲ್ಲಿಂದ ಬರಬೇಕು? ಒಳಗಿವಿಯಲ್ಲಿ ನಾದವನ್ನು ಹಿಡಿಯುವ ರೋಮಕೋಶಗಳು ಸಾಯುತ್ತವೆ. ಅವು ಮತ್ತೆ ಚಿಗುರುವ ಜಾತಿಯವಲ್ಲ.

ಮೈಟೊಕಾಂಡ್ರಿಯಗಳು ತಾಯಿಯಿಂದಲೇ ಬರುವಂಥವು. ತಂದೆಯ ಪಾಲು ಅದರಲ್ಲಿಲ್ಲ. ಜೆಂಟಾಮೈಸಿನ್ನಿನ ಹಿರಿಯಣ್ಣನಾದ ಸ್ಟ್ರೆಪ್ಟೊಮೈಸಿನ್ ೧೯೪೩ರಲ್ಲಿ ಅಮೆರಿಕದಲ್ಲಿ ಕಂಡುಬಂದು ಕ್ಷಯರೋಗಿಗಳಿಗೆ ಅಭಯವಿತ್ತ ಕೆಲವೇ ವರ್ಷಗಳಲ್ಲಿ, ಅದು ಕೆಲವರ ಕಿವಿಗೆ ಕುತ್ತು ತರುವುದೆಂದು ವೈದ್ಯರಿಗೆ ತಿಳಿದಿತ್ತು. ಮುಂದೆ ಚೀನಾದ ಕೆಲವು ಮನೆತನಗಳಲ್ಲಿ ಈ ಕಿವುಡು ತಾಯಿಯ ಬಳಿಯಲ್ಲೇ ಹರಿದುಬರುತ್ತಿರುವುದು ಗಮನಕ್ಕೆ ಬಂದಿತು. ಅಂಥ ಮನೆತನಗಳನ್ನೂ ಒಂದು ಅರಬ್ ಮನೆತನವನ್ನೂ ಪರೀಕ್ಷಿಸಿದ ವಿಜ್ಞಾನಿಗಳು ೧೯೯೩ರಲ್ಲಿ ೧೫೫೫ನೆಯ ಅಕ್ಷರದ ಗುಟ್ಟನ್ನು ಬಯಲಿಗೆಳೆದರು.

ಗುಟ್ಟು ತಿಳಿದರೂ ಕೂಸುಗಳಿಗೆ ಪ್ರಯೋಜನವಾಗಲಿಲ್ಲ. ಅಕ್ಷರವನ್ನು ಓದಲು ರಕ್ತ ಪ್ರಯೋಗಶಾಲೆಗೆ ಹೋಗಬೇಕು, ಅಲ್ಲಿಂದ ಉತ್ತರ ಬರಲು ದಿನಗಳು ಉರುಳಬೇಕು. ಮದ್ದಾದರೋ ಗಂಟೆಯೊಳಗೆ ಹೋಗಬೇಕು. ಹಾಗಾಗಿ ಸುಮಾರು ಮೂವತ್ತು ವರ್ಷ ಈ ಜ್ಞಾನ ಕಪಾಟಿನಲ್ಲಿಟ್ಟ ದೀಪದಂತೆ ಇತ್ತು.

ಅದನ್ನು ಹೊರಗೆ ತಂದವರು ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ವೈದ್ಯರು. ಕೂಸಿನ ಕೆನ್ನೆಯ ಒಳಭಾಗವನ್ನು ಹತ್ತಿ ಸುತ್ತಿದ ಕಡ್ಡಿಯಿಂದ ಮೃದುವಾಗಿ ಒರೆಸಿ, ಅದನ್ನು ಹಾಸಿಗೆಯ ಪಕ್ಕದಲ್ಲೇ ಇರುವ ಪುಟ್ಟ ಯಂತ್ರಕ್ಕೆ ಒಪ್ಪಿಸಿದರಾಯಿತು. ೨೬ ನಿಮಿಷಗಳಲ್ಲಿ ಉತ್ತರ ಸಿದ್ಧ. ಯಂತ್ರವನ್ನು ನಡೆಸುವವರು ದಾದಿಯರೇ. ಮ್ಯಾಂಚೆಸ್ಟರ್ ಮತ್ತು ಲಿವರ್‌ಪೂಲ್ ನಗರಗಳ ಎರಡು ಶಿಶು ವಿಭಾಗಗಳಲ್ಲಿ ೭೫೧ ಕೂಸುಗಳ ಮೇಲೆ ನಡೆದ ಈ ಪ್ರಯೋಗದ ಫಲ ೨೦೨೨ರಲ್ಲಿ ಪ್ರಕಟವಾಯಿತು. ಮೂರು ಕೂಸುಗಳಲ್ಲಿ ಆ ಅಕ್ಷರ ಕಂಡುಬಂದಿತು. ಮೂರಕ್ಕೂ ಜೆಂಟಾಮೈಸಿನ್ ಸೋಕದಂತೆ ನೋಡಿಕೊಳ್ಳಲಾಯಿತು. ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಬೇರೆಯೇ ಇದೆ. ಈ ಪರೀಕ್ಷೆಯ ದೆಸೆಯಿಂದ ಕೂಸುಗಳಿಗೆ ಮದ್ದು ಸೇರುವುದು ತಡವಾಗಲಿಲ್ಲ; ಮೊದಲೂ ಸರಾಸರಿ ೫೫ ನಿಮಿಷ ಹಿಡಿಯುತ್ತಿತ್ತು, ಪರೀಕ್ಷೆ ಸೇರಿದ ಮೇಲೂ ಹೆಚ್ಚುಕಡಿಮೆ ಅಷ್ಟೇ ಹಿಡಿಯಿತು. ಕಿವಿಯನ್ನು ಉಳಿಸಲು ಹೋಗಿ ಪ್ರಾಣವನ್ನು ಪಣಕ್ಕಿಟ್ಟಿದ್ದರೆ ಅದನ್ನು ಚಿಕಿತ್ಸೆಯೆಂದು ಯಾರು ಕರೆದಾರು?

ಹೊಗಳಿಕೆಯ ಭರದಲ್ಲಿ ಕುಂದನ್ನು ಮರೆಯಲಾಗದು. ಆರಂಭದಲ್ಲಿ ಸುಮಾರು ಆರು ಪರೀಕ್ಷೆಗಳಲ್ಲಿ ಒಂದಕ್ಕೆ ಯಂತ್ರ ಉತ್ತರವನ್ನೇ ಕೊಡುತ್ತಿರಲಿಲ್ಲ. ತಿದ್ದುಪಡಿಯ ತರುವಾಯ ಆ ದೋಷ ಬಹುಮಟ್ಟಿಗೆ ತಗ್ಗಿತು. ಆ ಅಕ್ಷರವುಳ್ಳವರೆಲ್ಲರೂ ಕಿವುಡಾಗುತ್ತಾರೆಂದೂ ಇಲ್ಲ. ಮದ್ದು ಪಡೆದೂ ಕೇಳಬಲ್ಲವರಿದ್ದಾರೆ, ಮದ್ದಿಲ್ಲದೆಯೇ ನಡುವಯಸ್ಸಿನಲ್ಲಿ ಕಿವಿ ಮಂದವಾದವರೂ ಇದ್ದಾರೆ. ಆದರೆ ನಂಜಿಗೆ ಬೇರೆ ಮದ್ದು ಕೈಗೆಟುಕುವಂತಿರುವಾಗ ಕೂಸಿನ ಕಿವಿಯನ್ನು ಒಡ್ಡಿ ಜೂಜಾಡುವ ಅವಶ್ಯಕತೆಯಾದರೂ ಏನು? ಒಂದು ಕೂಸಿನ ಉತ್ತರ ಅದೊಂದರದೇ ಅಲ್ಲವೆಂಬುದನ್ನೂ ಗಮನಿಸಬೇಕು. ತಾಯಿ, ಒಡಹುಟ್ಟಿದವರು, ತಾಯಿಯ ಅಕ್ಕತಂಗಿಯರು, ಅವರ ಮಕ್ಕಳು, ಎಲ್ಲರಿಗೂ ಅದೇ ಎಚ್ಚರಿಕೆ ಅನ್ವಯಿಸುತ್ತದೆ.

ಹೃದಯಾಘಾತದ ವಿಷಯದಲ್ಲಿ ಕಥೆ ಇಷ್ಟು ನೇರವಾಗಿಲ್ಲ. ಮುಚ್ಚಿದ ರಕ್ತನಾಳವನ್ನು ತೆರೆದು ಲೋಹದ ಜಾಲರಿಯನ್ನು ಕೂರಿಸಿದ ಮೇಲೆ ರಕ್ತ ಮತ್ತೆ ಹೆಪ್ಪುಗಟ್ಟದಿರಲು ಕ್ಲೊಪಿಡೊಗ್ರೆಲ್ ಮಾತ್ರೆಯನ್ನು ಕೊಡುವ ರೂಢಿಯಿದೆ. ಯಕೃತ್ತಿನ ಒಂದು ಕಿಣ್ವ ಅದನ್ನು ಪಳಗಿಸಿದ ಹೊರತು ಮಾತ್ರೆಗೆ ಕಸುವು ಬಾರದು. ಭಾರತೀಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಆ ಕಿಣ್ವದ ಜೀನಿನ ಒಂದು ಪ್ರತಿಯಾದರೂ ದುರ್ಬಲ. ಕೆನಡಾದ ಆಟವಾ ನಗರದಲ್ಲಿ ೨೦೦ ರೋಗಿಗಳ ಮೇಲೆ ನಡೆದು ೨೦೧೨ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಾದಿಯರೇ ಹಾಸಿಗೆಯ ಬಳಿ ಜೀನನ್ನು ಪರೀಕ್ಷಿಸಿ ದುರ್ಬಲರಿಗೆ ಬೇರೆ ಮದ್ದು ಸಿಗುವಂತೆ ಮಾಡಿದರು. ಅವರ ರಕ್ತ ಹತೋಟಿಯಲ್ಲಿ ಉಳಿಯಿತು. ಆದರೆ ಸಾವಿರಾರು ಜನರ ಮೇಲೆ ನಡೆದ ದೊಡ್ಡ ಪ್ರಯೋಗವೊಂದರ ಫಲ ೨೦೨೦ರಲ್ಲಿ ಹೊರಬಂದಾಗ ನಿರೀಕ್ಷಿಸಿದಷ್ಟು ಲಾಭ ಸಿದ್ಧವಾಗಲಿಲ್ಲ. ಈ ಕಿಣ್ವದ ಹಂಗಿಲ್ಲದ ಬಲವಾದ ಮಾತ್ರೆಗಳು ಈಗ ಬಳಕೆಯಲ್ಲಿವೆ. ಅನೇಕ ವೈದ್ಯರು ಪರೀಕ್ಷೆಯ ಗೋಜಿಲ್ಲದೆ ಅವನ್ನೇ ಕೊಡುತ್ತಾರೆ, ರಕ್ತಸ್ರಾವದ ಭಯ ತುಸು ಹೆಚ್ಚೆಂದು ತಿಳಿದೂ.

ಇನ್ನು ಇಪ್ಪತ್ತಾರು ನಿಮಿಷವಿರಲಿ, ಆರು ನಿಮಿಷವೂ ಇಲ್ಲದ ಸಂದರ್ಭವೊಂದುಂಟು. ಅದು ಕನ್ನಡ ನಾಡಿಗೂ ಹತ್ತಿರದ ವಿಷಯ. ಅಪಘಾತದಲ್ಲಿ ಗಾಯಗೊಂಡು ಉಸಿರಿಗೆ ಒದ್ದಾಡುವ ರೋಗಿಯ ಗಂಟಲಿಗೆ ನಳಿಕೆ ಇಳಿಸಬೇಕು. ಅದಕ್ಕಾಗಿ ಸ್ನಾಯುಗಳು ಕ್ಷಣದಲ್ಲಿ ಸಡಿಲವಾಗಬೇಕು. ೧೯೫೧ರಿಂದ ಬಳಕೆಯಲ್ಲಿರುವ ಸಕ್ಸಿನೈಲ್‌ಕೋಲಿನ್ ಈ ಕೆಲಸವನ್ನು ಒಂದು ನಿಮಿಷದಲ್ಲಿ ಮಾಡುತ್ತದೆ. ರಕ್ತದಲ್ಲಿರುವ ಕಿಣ್ವವೊಂದು ಅದನ್ನು ಒಡೆದು ಹಾಕುವುದರಿಂದ ಹತ್ತು ನಿಮಿಷಗಳೊಳಗೆ ರೋಗಿ ಮೊದಲಿನಂತಾಗುತ್ತಾನೆ. ಆ ಕಿಣ್ವವೇ ಇಲ್ಲದವನ ಪಾಡು? ಗಂಟೆಗಟ್ಟಲೆ ಕೈಕಾಲು, ಎದೆ, ರೆಪ್ಪೆ ಯಾವುದೂ ಅಲುಗದು. ಉಸಿರಾಟದ ಯಂತ್ರವಿದ್ದರೆ ಬದುಕುತ್ತಾನೆ, ಪೂರ್ತಿ ಚೇತರಿಸಿಕೊಳ್ಳುತ್ತಾನೆ. ಆದರೆ ಇದನ್ನರಿಯದೆ ನಿದ್ದೆಯ ಮದ್ದನ್ನು ನಿಲ್ಲಿಸಿಬಿಟ್ಟರೆ, ಎಚ್ಚರವಿದ್ದೂ ಬೆರಳನ್ನೂ ಎತ್ತಲಾಗದೆ ಮಲಗಿರಬೇಕಾದೀತು. ಅದರ ಭೀತಿಯನ್ನು ವಾಚಕರೇ ಊಹಿಸಿಕೊಳ್ಳಬಹುದು.

ಈ ಕೊರತೆ ವಂಶದಿಂದ ಬರುವುದೆಂದು ೧೯೫೦ರ ದಶಕದಲ್ಲಿ ತೋರಿಸಿಕೊಟ್ಟವರಲ್ಲಿ ಪ್ರಮುಖರು ಕೆನಡಾದ ಟೊರಾಂಟೊದಲ್ಲಿ ನೆಲೆಸಿದ್ದ ಜರ್ಮನ್ ಮೂಲದ ವೆರ್ನರ್ ಕಾಲೋ. ಅವರು ರೂಪಿಸಿದ ರಕ್ತಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಜಗತ್ತಿನ ಬೇರೆಡೆ ತೀರ ಅಪರೂಪವಾದ ಕಿಣ್ವದ ಪೂರ್ಣ ಅಭಾವ, ಕರ್ನಾಟಕ, ಆಂಧ್ರ, ತೆಲಂಗಾಣ, ತಮಿಳುನಾಡುಗಳಲ್ಲಿ ಹರಡಿರುವ ವೈಶ್ಯ ಸಮುದಾಯದಲ್ಲಿ ಸುಮಾರು ನೂರು ಪಟ್ಟು ಹೆಚ್ಚೆಂದು ಹೈದರಾಬಾದಿನ ವಿಜ್ಞಾನಿಗಳೂ ಸೇರಿದ್ದ ತಂಡವೊಂದು ೨೦೧೭ರಲ್ಲಿ ಬರೆದಿದೆ. ಇದರಲ್ಲಿ ಯಾರಿಗೂ ಕಳಂಕವೇನಿಲ್ಲ. ಎಷ್ಟೋ ತಲೆಮಾರುಗಳ ಹಿಂದೆ ಕೆಲವೇ ಮಂದಿಯಿಂದ ಬೆಳೆದು, ತಮ್ಮೊಳಗೇ ಕೊಟ್ಟು ತಂದುಕೊಂಡ ಯಾವ ಸಮುದಾಯದಲ್ಲಾದರೂ ಇಂಥ ಒಂದಲ್ಲ ಒಂದು ಗುರುತು ಉಳಿದಿರುತ್ತದೆ. ಆ ಒಂದು ಮದ್ದಿನ ಎದುರಿಗಲ್ಲದೆ ಈ ಕೊರತೆ ನಿತ್ಯಜೀವನದಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ.

ಇಲ್ಲಿ ಯಂತ್ರವನ್ನು ಹಾಸಿಗೆಯ ಬಳಿಗೆ ತಂದು ಫಲವಿಲ್ಲ. ಉತ್ತರ ರೋಗಿಯ ಜೊತೆಯಲ್ಲೇ ಆಸ್ಪತ್ರೆಗೆ ಬರಬೇಕು. ತಿಳಿದ ಅರಿವಳಿಕೆ ತಜ್ಞ ಆ ಗಡಿಬಿಡಿಯಲ್ಲೂ ಮನೆಯವರನ್ನು ಒಂದು ಮಾತು ಕೇಳುತ್ತಾನೆ: “ನಿಮ್ಮ ಮನೆಯಲ್ಲಿ ಆಪರೇಷನ್ ಆದ ಮೇಲೆ ಬಹಳ ಹೊತ್ತು ಉಸಿರು ಬಾರದೆ ಯಂತ್ರದ ಮೇಲಿಡಬೇಕಾಗಿ ಬಂದವರು ಯಾರಾದರೂ ಇದ್ದಾರೆಯೆ?” ಇದ್ದಾರೆಂದರೆ ರೊಕುರೋನಿಯಂ ಎಂಬ ಬೇರೆ ಮದ್ದಿನ ಸೀಸೆಗೆ ಕೈ ಹಾಕುತ್ತಾನೆ; ಅದು ಈ ಕಿಣ್ವವನ್ನು ನೆಚ್ಚಿದುದಲ್ಲ. ಒಬ್ಬರಲ್ಲಿ ಈ ಅಭಾವ ಖಚಿತವಾದರೆ ಅವರ ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರಿಗೂ ಅದು ಇರುವ ಸಂಭವ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು ಪಾಲು. ಅವರೂ ಬಿಡುವಾದ ಒಂದು ದಿನ ರಕ್ತವನ್ನು ಪರೀಕ್ಷೆ ಮಾಡಿಸಿ, ಮದ್ದಿನ ಹೆಸರನ್ನು ಒಂದು ಚೀಟಿಯಲ್ಲಿ ಬರೆಸಿ ಜೇಬಿನಲ್ಲಿಟ್ಟುಕೊಳ್ಳಬಹುದು.