‘ಸೆನ್ಸರ್ ಹೋಗಿದೆ ಸಾರ್’

ರಾಜಾಜಿನಗರದ ಇಂಡಸ್ಟ್ರಿಯಲ್ ಟೌನಿನಿಂದ ಕಾಮಾಕ್ಷಿಪಾಳ್ಯದವರೆಗೆ ಯಾವ ಗ್ಯಾರೇಜಿನ ಮುಂದೆ ಹತ್ತು ನಿಮಿಷ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಪಿಕಪ್ ಇಲ್ಲ, ಮೈಲೇಜ್ ಬಿದ್ದಿದೆ, ನವರಂಗ್ ಸಿಗ್ನಲ್ಲಿನಲ್ಲಿ ನಿಂತಾಗ ಗಾಡಿ ನಡುಗಿ ಆಫ್ ಆಗುತ್ತದೆ. ಹಿಂದೆ ಇವೆಲ್ಲಕ್ಕೂ ಕಾರ್ಬೊರೇಟರ್ ಬೈಗುಳ ತಿನ್ನುತ್ತಿತ್ತು. ಈಗ ಆ ಸರದಿ ಏರ್ ಫ್ಲೋ ಸೆನ್ಸರಿನದು. ಕೆಡುವ ವಸ್ತುವೇ ಅದು, ಅನುಮಾನವಿಲ್ಲ. ಆದರೆ ಬಿಚ್ಚಿ ಬಿಸಾಡಿದ ಸೆನ್ಸರುಗಳಲ್ಲಿ ಎಷ್ಟೋ ಸರಿಯಾಗಿಯೇ ಕೆಲಸ ಮಾಡುತ್ತಿದ್ದವು ಎನ್ನುವುದು ನನ್ನ ಗುಮಾನಿ.

ಮೊದಲ ತಪ್ಪು ಕಲ್ಪನೆ, ಎಲ್ಲ ಕಾರಿನಲ್ಲೂ ಅದು ಇದ್ದೇ ಇರುತ್ತದೆ ಎನ್ನುವುದು. ನಮ್ಮ ರಸ್ತೆಗಳಲ್ಲಿ ಓಡುವ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಬಹುಪಾಲಿಗೆ ಮ್ಯಾಫ್, ಅಂದರೆ ಗಾಳಿಯ ತೂಕವನ್ನೇ ಅಳೆಯುವ ಸೆನ್ಸರ್, ಇರುವುದೇ ಇಲ್ಲ. ಅವುಗಳಲ್ಲಿರುವುದು ಮ್ಯಾಪ್ ಸೆನ್ಸರ್. ಇನ್‌ಟೇಕ್ ಮ್ಯಾನಿಫೋಲ್ಡಿನ ಒತ್ತಡವನ್ನು ಅದು ಹೇಳುತ್ತದೆ, ಗಾಳಿ ಎಷ್ಟು ಒಳಹೋಯಿತೆಂದು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಲೆಕ್ಕ ಹಾಕಿಕೊಳ್ಳುತ್ತದೆ. ಏರ್ ಫಿಲ್ಟರ್ ಡಬ್ಬಿಗೂ ಥ್ರಾಟಲ್‌ಗೂ ನಡುವೆ ಕೂರುವ ನಿಜವಾದ ಮ್ಯಾಫ್ ನೋಡಬೇಕಿದ್ದರೆ ಬಿಡದಿಯಲ್ಲಿ ತಯಾರಾದ ಕೊರೊಲ್ಲಾದ ಬಾನೆಟ್ ಎತ್ತಬೇಕು. ಇಲ್ಲವೇ ಒಂದು ಕಾಲಕ್ಕೆ ಸ್ವಿಫ್ಟ್, ಡಿಜೈರ್‌ನಲ್ಲೆಲ್ಲ ಬರುತ್ತಿದ್ದ 1.3 ಲೀಟರಿನ ಫಿಯಟ್ ಡೀಸೆಲ್ ಎಂಜಿನ್ ನೋಡಬೇಕು. ಆದ್ದರಿಂದ ‘ಏರ್ ಫ್ಲೋ ಸೆನ್ಸರ್ ಹೋಗಿದೆ’ ಎಂದವರಿಗೆ ಕೇಳಬೇಕಾದ ಮೊದಲ ಪ್ರಶ್ನೆ: ಅದು ಎಲ್ಲಿದೆ, ತೋರಿಸಿ.

ಎರಡನೆಯದು ಸ್ಕ್ಯಾನರ್ ಮೇಲಿನ ಭಕ್ತಿ. ಪಿ 0101 ಬಂತು, ಆದ್ದರಿಂದ ಮ್ಯಾಫ್ ಬದಲಿಸಬೇಕು ಎನ್ನುವ ತರ್ಕ. ಕೋಡ್ ಎನ್ನುವುದು ಠಾಣೆಯಲ್ಲಿ ಬರೆಸಿದ ದೂರಿನ ಹಾಗೆ, ತೀರ್ಪು ಇನ್ನೂ ಆಗಿಲ್ಲ. ಪಿ 0101ರ ಅರ್ಥ ಇಷ್ಟೇ: ಸೆನ್ಸರ್ ಹೇಳುತ್ತಿರುವ ಗಾಳಿಗೂ ಎಂಜಿನ್ ವೇಗ, ಥ್ರಾಟಲ್ ನೋಡಿ ಇಸಿಯು ನಿರೀಕ್ಷಿಸಿದ ಗಾಳಿಗೂ ತಾಳೆಯಾಗುತ್ತಿಲ್ಲ. ಸುಳ್ಳು ಹೇಳುತ್ತಿರುವವರು ಯಾರು ಎಂಬುದು ಕೋಡಿಗೆ ಗೊತ್ತಿಲ್ಲ. ಪಿ 0102, ಪಿ 0103 ಬಂದರಂತೂ ಸಿಗ್ನಲ್ ತೀರಾ ಕಡಿಮೆ, ತೀರಾ ಹೆಚ್ಚು ಎಂದರ್ಥ. ಅಲ್ಲಿ ಮೊದಲು ಹೊರಬರಬೇಕಾದದ್ದು ಮಲ್ಟಿಮೀಟರ್. ಕಪ್ಲರಿಗೆ ಕರೆಂಟ್ ಬರುತ್ತಿದೆಯೇ, ಅರ್ಥ್ ಸರಿಯಿದೆಯೇ, ಫ್ಯೂಸ್ ಹೋಗಿದೆಯೇ? ಬಸವೇಶ್ವರನಗರದ ಮರದ ನೆರಳಲ್ಲಿ ವಾರಗಟ್ಟಲೆ ನಿಂತ ಕಾರಾದರೆ ಇಲಿ ವೈರ್ ಕಡಿದಿದೆಯೇ ಎಂದೂ ನೋಡಬೇಕು. ಇಲಿ ಕಡಿದದ್ದಕ್ಕೆ ಹೊಸ ಸೆನ್ಸರ್ ಹಾಕಿದರೆ ಇಲಿಗೂ ನಷ್ಟವಿಲ್ಲ, ಅಂಗಡಿಯವನಿಗೂ ನಷ್ಟವಿಲ್ಲ.

ಸೆನ್ಸರಿನಿಂದ ಥ್ರಾಟಲ್‌ಗೆ ಹೋಗುವ ಮಡಿಕೆ ಮಡಿಕೆಯ ರಬ್ಬರ್ ಹೋಸ್ ಇದೆಯಲ್ಲ, ಅದನ್ನು ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ. ಮೇಲಿಂದ ಅಚ್ಚುಕಟ್ಟಾಗಿ ಕಾಣುವ ಹೋಸಿನ ಮಡಿಕೆಯ ತಳದಲ್ಲಿ, ಅದೂ ಕೆಳಮುಖವಾಗಿರುವ ಕಡೆ, ಉಗುರು ಹೋಗುವಷ್ಟು ಸೀಳು ಬಾಯಿ ತೆರೆಯುತ್ತದೆ. ಎಂಜಿನ್ ಅಲುಗಾಡಿದಾಗಲೆಲ್ಲ ಅದು ಹಿಗ್ಗಿ ಲೆಕ್ಕಕ್ಕೆ ಸಿಗದ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಸೆನ್ಸರ್ ತನ್ನ ಮೂಲಕ ಹೋದ ಗಾಳಿಯನ್ನು ಪ್ರಾಮಾಣಿಕವಾಗಿ ಹೇಳುತ್ತಿರುತ್ತದೆ, ದೂರು ಮಾತ್ರ ಅದರ ಹೆಸರಿಗೆ ಬರುತ್ತದೆ.

ಇನ್ನು ನಮ್ಮ ಊರಿಗೇ ಅಂಟಿಕೊಂಡ ತಪ್ಪು ಕಲ್ಪನೆಗೆ ಬರೋಣ. ಮೊಬೈಲಿಗೆ ಆ್ಯಪ್ ಹಾಕಿಕೊಂಡು, ಸ್ಟೀರಿಂಗ್ ಕೆಳಗೆ ಸಣ್ಣ ಡಾಂಗಲ್ ಚುಚ್ಚಿ ತಾವೇ ರೀಡಿಂಗ್ ನೋಡುವವರು ಈಗ ಮನೆಗೊಬ್ಬರು. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿದಾಗ ಒತ್ತಡ 101 ಕಿಲೋಪ್ಯಾಸ್ಕಲ್ ತೋರಿಸಬೇಕು ಎಂದು ಯಾವುದೋ ವಿಡಿಯೊ ಹೇಳಿರುತ್ತದೆ. ಇವರ ಕಾರು 91 ತೋರಿಸುತ್ತದೆ. ‘ಸೆನ್ಸರ್ ಶೇಕಡ 10 ತಪ್ಪು’ ಎಂಬ ತೀರ್ಮಾನ ಅಲ್ಲೇ ಹೊರಬೀಳುತ್ತದೆ. 101 ಸಮುದ್ರಮಟ್ಟದ ಲೆಕ್ಕ, ಚೆನ್ನೈಗೂ ಮಂಗಳೂರಿಗೂ ಸರಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿನ ಗಾಳಿಯ ಒತ್ತಡವೇ 90-91 ಕಿಲೋಪ್ಯಾಸ್ಕಲ್. ರಾಜಾಜಿನಗರದಲ್ಲಿ ನಿಂತ ಕಾರು 101 ತೋರಿಸಿದರೇನೇ ಅನುಮಾನಪಡಬೇಕು.

ಮ್ಯಾಫ್ ಇರುವ ಕಾರಿಗೂ ಇದೇ ಲೆಕ್ಕ. 1.8 ಲೀಟರಿನ ಎಂಜಿನ್ನನ್ನು 6000 ಆರ್‌ಪಿಎಂನಲ್ಲಿ ಪೂರ್ತಿ ಆ್ಯಕ್ಸಿಲರೇಟರ್ ಒತ್ತಿ ಓಡಿಸಿದರೆ ಕಡಲತೀರದಲ್ಲಿ ಸೆಕೆಂಡಿಗೆ ಸುಮಾರು 90 ಗ್ರಾಂ ಗಾಳಿ ಎಳೆಯುತ್ತದೆ. ಅದೇ ಎಂಜಿನ್ ಇಲ್ಲಿ ಎಳೆಯುವುದು 80 ಗ್ರಾಂ ಆಸುಪಾಸು. ಶಿರಾಡಿ ಘಾಟಿ ಇಳಿದು ಮಂಗಳೂರು ಸೇರಿದ ಕೂಡಲೇ ಗಾಡಿಗೆ ಹೊಸ ಜೀವ ಬಂದಂತೆ ಅನಿಸುವುದು ಇದಕ್ಕೇ. ಅಲ್ಲಿನ ಪೆಟ್ರೋಲ್ ಚೆನ್ನಾಗಿದೆ ಎಂದು ಹೊಗಳುವವರನ್ನು ನೋಡಿದ್ದೇನೆ, ಊರಿಗೆ ಬಂದು ಸೆನ್ಸರ್ ಬದಲಿಸಿದವರೂ ಇದ್ದಾರೆ. ಐಡ್ಲಿಂಗ್‌ನಲ್ಲಿ ಮಾತ್ರ ಎತ್ತರದ ವ್ಯತ್ಯಾಸ ಹೆಚ್ಚು ಕಾಣುವುದಿಲ್ಲ. ತನ್ನನ್ನು ತಾನು ತಿರುಗಿಸಿಕೊಳ್ಳಲು ಬೇಕಾದಷ್ಟು ಗಾಳಿಯನ್ನು ಎಂಜಿನ್ ಥ್ರಾಟಲ್ ತುಸು ಹೆಚ್ಚು ತೆರೆದು ತೆಗೆದುಕೊಳ್ಳುತ್ತದೆ.

ಐಡ್ಲಿಂಗ್ ಮಾತು ಬಂತು, ಮೈಲೇಜ್ ಬಗ್ಗೆ ಒಂದು ಸಣ್ಣ ಲೆಕ್ಕ. ಎಂಜಿನ್ ನಿಂತಲ್ಲೇ ಸೆಕೆಂಡಿಗೆ 2 ಗ್ರಾಂ ಗಾಳಿ ಎಳೆಯುತ್ತಿದೆ ಎನ್ನಿ. 14.7 ಪಾಲು ಗಾಳಿಗೆ 1 ಪಾಲು ಪೆಟ್ರೋಲ್, ಅಂದರೆ ಗಂಟೆಗೆ ಹೆಚ್ಚುಕಡಿಮೆ 650 ಮಿಲಿಲೀಟರ್. ಎಸಿ ಹಾಕಿದರೆ ಇನ್ನೂ ಮೇಲೆ. ಕಾರ್ಡ್ ರೋಡಿನಲ್ಲಿ ಸಂಜೆ ಆರರ ನಂತರ ಗಾಡಿ ಎಷ್ಟು ಹೊತ್ತು ನಿಂತಿರುತ್ತದೆಂಬುದು ಗೊತ್ತಿರುವವರು ಬಿದ್ದ ಮೈಲೇಜಿನ ತಪ್ಪನ್ನೆಲ್ಲ ಸೆನ್ಸರ್ ತಲೆಗೆ ಕಟ್ಟುವುದಿಲ್ಲ.

ನಿಜವಾದ ಪತ್ತೆದಾರಿಕೆ ಇರುವುದು ಫ್ಯೂಯೆಲ್ ಟ್ರಿಮ್ ಎಂಬ ಸಂಖ್ಯೆಯಲ್ಲಿ. ಸೈಲೆನ್ಸರ್ ಕಡೆಯ ಆಕ್ಸಿಜನ್ ಸೆನ್ಸರ್ ನೋಡಿ ಇಸಿಯು ತನ್ನ ಲೆಕ್ಕಕ್ಕಿಂತ ಎಷ್ಟು ಪೆಟ್ರೋಲ್ ಹೆಚ್ಚು ಅಥವಾ ಕಡಿಮೆ ಕೊಡಬೇಕಾಯಿತು ಎಂಬುದರ ಶೇಕಡಾವಾರು ಅದು. ಮ್ಯಾಫ್ ಇರುವ ಗಾಡಿಯಲ್ಲಿ ಐಡ್ಲಿಂಗ್‌ನಲ್ಲಿ ಟ್ರಿಮ್ ಶೇಕಡ 15-20ರಷ್ಟು ಏರಿದ್ದು, 2500 ಆರ್‌ಪಿಎಂಗೆ ಎತ್ತಿದಾಗ ಇಳಿದರೆ ಎಲ್ಲೋ ಗಾಳಿ ಸೋರುತ್ತಿದೆ. ಎಳೆತದ ಗಾಳಿ ಹೆಚ್ಚಾದಾಗ ಸೋರುವ ಪಾಲು ಸಣ್ಣದಾಗುತ್ತದೆ. ಅದರ ಬದಲು ಭಾರ ಬಿದ್ದಷ್ಟೂ ಟ್ರಿಮ್ ಏರುತ್ತಾ ಹೋದರೆ ಎರಡೇ ಅನುಮಾನ: ಪೆಟ್ರೋಲ್ ಪಂಪ್ ಸಾಕಷ್ಟು ಕೊಡುತ್ತಿಲ್ಲ, ಇಲ್ಲವೇ ಕೊಳೆಯಾದ ಮ್ಯಾಫ್ ಗಾಳಿಯನ್ನು ಕಡಿಮೆ ಹೇಳುತ್ತಿದೆ. ಕೊಳೆಯಾದ ಮ್ಯಾಫ್‌ಗೆ ಒಂದು ವಿಚಿತ್ರ ಗುಣವೂ ಇದೆ. ಐಡ್ಲಿಂಗ್‌ನಲ್ಲಿ ತುಸು ಹೆಚ್ಚು, ಜೋರು ಓಟದಲ್ಲಿ ಕಡಿಮೆ ಹೇಳುವುದು.

ಇಲ್ಲೂ ಹೊಸ ಗೊಂದಲವೊಂದು ಸೇರಿಕೊಂಡಿದೆ. 2025ರ ಹೊತ್ತಿಗೆ ಬಂಕುಗಳ ಪೆಟ್ರೋಲಿನಲ್ಲಿ ಎಥೆನಾಲ್ ಶೇಕಡ 20ಕ್ಕೆ ಬಂತು. ಎಥೆನಾಲ್ ತನ್ನೊಳಗೇ ಆಮ್ಲಜನಕ ಇಟ್ಟುಕೊಂಡಿರುವುದರಿಂದ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. 14.7ರ ಲೆಕ್ಕ 13.5ರ ಹತ್ತಿರಕ್ಕೆ ಇಳಿಯುತ್ತದೆ. ಹಳೆಯ ಪೆಟ್ರೋಲಿಗೆ ಹೊಂದಿಸಿದ ಕಾರಿನಲ್ಲಿ ಏನೂ ಕೆಡದೆಯೇ ಟ್ರಿಮ್ ನಾಲ್ಕರಿಂದ ಎಂಟು ಶೇಕಡ ಮೇಲೇರಿ ಕೂರಬಹುದು. ಅದನ್ನು ನೋಡಿ ಸೆನ್ಸರ್ ಬದಲಿಸಿದರೆ ಹೊಸದರಲ್ಲೂ ಅದೇ ಸಂಖ್ಯೆ ಬರುತ್ತದೆ.

‘ಚೆಕ್ ಎಂಜಿನ್ ಲೈಟ್ ಇಲ್ಲ, ಆದ್ದರಿಂದ ಸೆನ್ಸರ್ ಸರಿಯಿದೆ’ ಎನ್ನುವುದೂ ಅಷ್ಟೇ ತಪ್ಪು. ನಿಧಾನವಾಗಿ ದಾರಿ ತಪ್ಪುವ ಸೆನ್ಸರನ್ನು ಟ್ರಿಮ್ ತಿಂಗಳುಗಟ್ಟಲೆ ಸರಿದೂಗಿಸಿಕೊಂಡು ಹೋಗುತ್ತದೆ. ತಿದ್ದುವ ಮಿತಿ ಮೀರಿದ ಮೇಲೆ ದೀಪ.

ಕಪ್ಲರ್ ಕಿತ್ತು ನೋಡುವ ಪರೀಕ್ಷೆ ಗ್ಯಾರೇಜುಗಳಲ್ಲಿ ಜನಪ್ರಿಯ. ಕಿತ್ತಾಗ ಗಾಡಿ ಸರಿಯಾಗಿ ಓಡಿದರೆ ಸೆನ್ಸರ್ ಕೆಟ್ಟಿದೆಯಂತೆ. ಸುಳಿವು ಎನ್ನಬಹುದು, ಸಾಕ್ಷ್ಯ ಎನ್ನಲಾಗದು. ಕಿತ್ತ ಕೂಡಲೇ ಇಸಿಯು ಬದಲಿ ಲೆಕ್ಕಕ್ಕೆ ಇಳಿಯುತ್ತದೆ. ಕೆಲವು ಗಾಡಿಗಳಲ್ಲಿ ಅದು ಧಾರಾಳವಾಗಿ ಇಂಧನ ಕೊಡುವ ಲೆಕ್ಕ, ಗಾಳಿ ಸೋರುವ ಎಂಜಿನ್ನೂ ಚೇತರಿಸಿಕೊಂಡಂತೆ ನಟಿಸುತ್ತದೆ. ಡೀಸೆಲ್ ಗಾಡಿಯಲ್ಲಿ ಮ್ಯಾಫ್‌ನ ಮುಖ್ಯ ಕೆಲಸವೇ ಹೊಗೆಯನ್ನು ಮರಳಿ ಒಳಬಿಡುವ ಇಜಿಆರ್ ವಾಲ್ವ್ ನಿಯಂತ್ರಿಸುವುದು. ಕಪ್ಲರ್ ಕಿತ್ತರೆ ಸಾಮಾನ್ಯವಾಗಿ ಇಜಿಆರ್ ಬಂದ್, ಪಿಕಪ್ ಬಂದಂತೆ ಅನಿಸುತ್ತದೆ, ಬೈಗುಳ ಸೆನ್ಸರಿಗೆ.

ಕ್ಲೀನ್ ಮಾಡುವ ವಿಷಯದಲ್ಲಿ ಪೆಟ್ರೋಲ್ ಅದ್ದಿದ ಬಟ್ಟೆ, ಕಿವಿಗೆ ಹಾಕುವ ಹತ್ತಿಕಡ್ಡಿ, ಕಂಪ್ರೆಸರ್ ಗಾಳಿ, ಕಾರ್ಬ್ ಕ್ಲೀನರ್, ಯಾವುದೂ ಬೇಡ. ಬಾಷ್ ಕಂಪನಿ, ಅಂದರೆ ಆಡುಗೋಡಿಯವರ ಬಾಯಲ್ಲಿ ಇಂದಿಗೂ ಮೈಕೊ, 1980ರ ದಶಕದ ಆರಂಭದಲ್ಲಿ ಕಾರುಗಳಿಗೆ ತಂದ ಬಿಸಿ ತಂತಿಯ ಸೆನ್ಸರಿನಲ್ಲಿ ಪ್ಲಾಟಿನಂ ತಂತಿಯ ದಪ್ಪ 0.07 ಮಿಲಿಮೀಟರ್. ಎಂಜಿನ್ ಆಫ್ ಮಾಡಿದ ಮೇಲೆ ಆ ತಂತಿ ಕ್ಷಣಕಾಲ ಕೆಂಪಗೆ ಕಾದು ತನ್ನ ಕೊಳೆಯನ್ನು ತಾನೇ ಸುಟ್ಟುಕೊಳ್ಳುತ್ತಿತ್ತು. ಈಗಿನವು ತೆಳು ಪದರದ ಫಿಲ್ಮ್ ಬಗೆಯವು, ಆ ಸುಡುವ ವ್ಯವಸ್ಥೆ ಇಲ್ಲ, ಮುಟ್ಟಿದರೆ ಕೆಲಸ ಮುಗಿಯಿತು. ಮ್ಯಾಫ್‌ಗೆಂದೇ ಸಿಗುವ ಸ್ಪ್ರೇ ಹೊಡೆದು, ಒರೆಸದೆ, ತಾನಾಗಿ ಆರಲು ಬಿಟ್ಟು ಕೂರಿಸಬೇಕು. ಹಾಗೆಯೇ ಫಿಲ್ಟರ್ ಡಬ್ಬಿಯ ಕ್ಲಿಪ್ ಸರಿಯಾಗಿ ಕೂತಿದೆಯೇ ನೋಡಿಬಿಡಿ. ಸಡಿಲ ಕ್ಲಿಪ್ಪಿನ ಸಂದಿಯಿಂದ ನುಗ್ಗುವ ಮಾಗಡಿ ರಸ್ತೆಯ ಧೂಳೇ ಮುಂದಿನ ಸಲದ ಕೊಳೆ.

ಇಷ್ಟೆಲ್ಲ ಆದ ಮೇಲೂ ಕರೆಂಟ್ ಸರಿಯಿದ್ದು, ಹೋಸ್ ಸರಿಯಿದ್ದು, ಪೆಟ್ರೋಲ್ ಪ್ರೆಷರ್ ಸರಿಯಿದ್ದು, ಭಾರದಲ್ಲಿ ಟ್ರಿಮ್ ಏರುತ್ತಲೇ ಇದ್ದರೆ ಸೆನ್ಸರ್ ಹೋಗಿದೆ, ಬದಲಿಸಿ. ಜೆ.ಸಿ. ರಸ್ತೆಯಲ್ಲಿ ಅರ್ಧ ಬೆಲೆಗೆ ಸಿಗುವ ಡಬ್ಬಿಯ ಮೇಲೆ ಯಾವ ಹೆಸರಿದ್ದರೂ ಹಳೆಯದರ ಮೇಲಿನ ಪಾರ್ಟ್ ನಂಬರ್ ತಾಳೆ ನೋಡಿ. ಹೊಸದನ್ನು ಹಾಕಿಸಿ, ಹಳೆಯ ಟ್ರಿಮ್ ಅಳಿಸಿ, ತುಮಕೂರು ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದು ಅದೇ ಸಂಖ್ಯೆಗಳನ್ನು ಮತ್ತೆ ತೋರಿಸಲು ಹೇಳಿ, ಆಮೇಲೆ ದುಡ್ಡು ಕೊಡಿ.